ನೋಟಿನ ಮೇಲೆ ಕನ್ನಡ, ಪಾಠದಲ್ಲಿ ಉರ್ದು

ಹೈದರಾಬಾದ್ ಸಂಸ್ಥಾನ ತನ್ನದೇ ಕಾಗದದ ನೋಟುಗಳನ್ನು ಹೊರತಂದದ್ದು 1918ರಲ್ಲಿ. ಮೊದಲ ಮಹಾಯುದ್ಧದ ಕೊನೆಯ ದಿನಗಳು. ನಾಣ್ಯ ಟಂಕಿಸಲು ಬೆಳ್ಳಿ ಸಿಗುವುದೇ ಕಷ್ಟವಾಗಿತ್ತು. ಆ ನೋಟುಗಳ ಮೇಲೆ ಮೊತ್ತವನ್ನು ಉರ್ದು, ಇಂಗ್ಲಿಷ್‌ಗಳ ಜೊತೆಗೆ ತೆಲುಗು, ಮರಾಠಿ ಮತ್ತು ಕನ್ನಡದಲ್ಲಿಯೂ ಅಚ್ಚು ಮಾಡುತ್ತಿದ್ದರು. ಕಾರಣ ಸರಳ. ಸಂಸ್ಥಾನದ ಹೆಚ್ಚುಕಡಿಮೆ ಅರ್ಧದಷ್ಟು ಜನ ತೆಲುಗರು, ಕಾಲು ಭಾಗ ಮರಾಠಿಗರು. ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಕನ್ನಡಿಗರು ಹತ್ತರಲ್ಲಿ ಒಬ್ಬರಿಗಿಂತ ತುಸು ಹೆಚ್ಚು. ಉರ್ದು ಮನೆಮಾತಾಗಿದ್ದವರೂ ಸುಮಾರು ಅಷ್ಟೇ. ಕೈಗೆ ಬಂದ ಕಾಗದ ಎಷ್ಟು ಬೆಲೆಯದೆಂದು ಓದಲಾಗದಿದ್ದರೆ ಯಾವ ರೈತನೂ ಹತ್ತಿ ಕೊಟ್ಟು ಅದನ್ನು ತೆಗೆದುಕೊಳ್ಳುವುದಿಲ್ಲ ಎಂಬುದು ಸರ್ಕಾರಕ್ಕೆ ಗೊತ್ತಿತ್ತು.

ಅದೇ ವರ್ಷ, ಅದೇ ಊರಿನಲ್ಲಿ, ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹೆಸರಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿತು. ಹಣ ಅಂದರೇನು, ಬೆಲೆ ಹೇಗೆ ಏರುತ್ತದೆ, ಬ್ಯಾಂಕು ಏನು ಮಾಡುತ್ತದೆ ಎಂಬುದನ್ನು ಕಲಿಸುವ ಅರ್ಥಶಾಸ್ತ್ರ ಅಲ್ಲಿ ಒಂದು ಪಾಠವಾಯಿತು. ಆದರೆ ಆ ಪಾಠದ ಭಾಷೆ ಒಂದೇ, ಉರ್ದು. ನೋಟಿಗೆ ಐದು ಭಾಷೆ, ನೋಟಿನ ಶಾಸ್ತ್ರಕ್ಕೆ ಒಂದು ಭಾಷೆ. ಈ ಅಂತರದ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ಹಾಗೆಂದು ಉಸ್ಮಾನಿಯಾದ ಸಾಹಸ ಸಣ್ಣದಲ್ಲ. ಆಗ ಭಾರತದ ವಿಶ್ವವಿದ್ಯಾಲಯಗಳಲ್ಲಿ ಉನ್ನತ ಶಿಕ್ಷಣವೆಂದರೆ ಇಂಗ್ಲಿಷ್. ಹೈದರಾಬಾದಿನದೇ ನಿಜಾಮ್ ಕಾಲೇಜು 1887ರಿಂದ ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿ ಇಂಗ್ಲಿಷಿನಲ್ಲೇ ಪಾಠ ಮಾಡುತ್ತಿತ್ತು. ಸಂಸ್ಥಾನದ ಅಧಿಕಾರಿ ಅಕ್ಬರ್ ಹೈದರಿ 1917ರಲ್ಲಿ ಬರೆದ ಟಿಪ್ಪಣಿಯ ವಾದ, ಪರಭಾಷೆಯಲ್ಲಿ ಕಲಿಯುವ ಹುಡುಗ ವಿಷಯಕ್ಕಿಂತ ಭಾಷೆಗೇ ಹೆಚ್ಚು ಬೆವರು ಸುರಿಸುತ್ತಾನೆ ಎಂಬುದಾಗಿತ್ತು. ಇಂಗ್ಲಿಷ್ ಕಡ್ಡಾಯ ವಿಷಯವಾಗಿ ಉಳಿಯಿತು. ಉಳಿದದ್ದೆಲ್ಲ, ವೈದ್ಯಕೀಯವೂ ಸೇರಿ, ಉರ್ದುವಿಗೆ ಬಂತು. ತರಗತಿ ಶುರುವಾಗುವ ಮೊದಲೇ ಒಂದು ಭಾಷಾಂತರ ಸಂಸ್ಥೆಯನ್ನು ಸ್ಥಾಪಿಸಿದರು. ಪಠ್ಯವಿಲ್ಲದೆ ಪಾಠವಿಲ್ಲ ಎಂಬ ವಿವೇಕ ಅವರಿಗಿತ್ತು.

ಅರ್ಥಶಾಸ್ತ್ರಕ್ಕೆ ಅಲ್ಲಿ ಸ್ವಲ್ಪ ಬುನಾದಿ ಮೊದಲೇ ಬಿದ್ದಿತ್ತು. ಲಾಹೋರಿನಲ್ಲಿ ಪಾಠ ಹೇಳುತ್ತಿದ್ದ ತರುಣ ಮುಹಮ್ಮದ್ ಇಕ್ಬಾಲ್, ಮುಂದೆ ಮಹಾಕವಿಯೆಂದು ಹೆಸರಾದವರು, 1904ರಲ್ಲಿ 'ಇಲ್ಮುಲ್ ಇಖ್ತಿಸಾದ್' ಎಂಬ ಅರ್ಥಶಾಸ್ತ್ರದ ಪುಸ್ತಕ ಬರೆದಿದ್ದರು. ಪಾರಿಭಾಷಿಕ ಪದಗಳಲ್ಲಿ ಕೆಲವನ್ನು ತಾವೇ ಕಟ್ಟಿ, ಕೆಲವನ್ನು ಈಜಿಪ್ಟಿನ ಅರಬ್ಬಿ ಪತ್ರಿಕೆಗಳಿಂದ ತಂದಿದ್ದರು. ಮುಂದಿನ ಹೆಜ್ಜೆ ಮುಹಮ್ಮದ್ ಇಲ್ಯಾಸ್ ಬರನಿ ಅವರದು. ಅವರ 'ಇಲ್ಮುಲ್ ಮಈಷತ್' 1917ರಲ್ಲಿ ಬಂತು. ಉಸ್ಮಾನಿಯಾದಲ್ಲಿ ಅವರೇ ಅರ್ಥಶಾಸ್ತ್ರದ ಅಧ್ಯಾಪಕರಾದರು. ಮೋರ್‌ಲ್ಯಾಂಡ್ ಭಾರತದ ವಿದ್ಯಾರ್ಥಿಗಳಿಗೆಂದು ಇಂಗ್ಲಿಷಿನಲ್ಲಿ ಬರೆದಿದ್ದ ಪ್ರವೇಶ ಪುಸ್ತಕವನ್ನೂ ಬರನಿ ಉರ್ದುವಿಗೆ ತಂದರು.

ಗುಲ್ಬರ್ಗಾದಿಂದಲೋ ರಾಯಚೂರಿನಿಂದಲೋ ಬಂದ ಕನ್ನಡದ ಹುಡುಗನಿಗೆ ಈ ಪಠ್ಯಗಳು ಹೇಗೆ ಕಂಡಿರಬಹುದು? ಪದಗಳನ್ನೇ ನೋಡಿ. ಬೇಡಿಕೆಗೆ ಉರ್ದುವಿನ ಮಾತು 'ತಲಬ್'. ಚಹಾದ ತಲಬು, ಎಲೆಯಡಿಕೆಯ ತಲಬು ಎನ್ನುವ ನಾಡಿನವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಕಿ, ಜಮೆ, ಖರ್ಚು, ವಸೂಲಿ, ಜಾಮೀನು, ಕರಾರು, ದಲ್ಲಾಳಿ: ದುಡ್ಡಿನ ವ್ಯವಹಾರದ ಕನ್ನಡ ಶತಮಾನಗಳಿಂದ ಪಾರಸಿ, ಅರಬ್ಬಿ ಪದಗಳನ್ನು ಅರಗಿಸಿಕೊಂಡೇ ಬಂದಿದೆ. ಹೀಗಾಗಿ ಸಂತೆಯ ಮಟ್ಟದಲ್ಲಿ ಉರ್ದು ಅವನಿಗೆ ಇಂಗ್ಲಿಷಿಗಿಂತ ಹತ್ತಿರವೇ ಇತ್ತು.

ಆದರೆ ಪಾಠ ಮುಂದೆ ಸರಿದಂತೆ ಭಾಷೆ ಸಂತೆ ಬಿಟ್ಟು ಮದರಸಾ ಹತ್ತುತ್ತಿತ್ತು. ಒಂದು ಹೊಲದಲ್ಲಿ ನಾಲ್ಕು ಆಳಿನಿಂದ ಕಳೆ ತೆಗೆಸಿದರೆ ಬೆಳೆ ಒಂದಿಷ್ಟು ಹೆಚ್ಚುತ್ತದೆ; ಎಂಟು ಆಳು ಇಟ್ಟರೆ ಆ ಹೆಚ್ಚಳ ಇಮ್ಮಡಿಯಾಗುವುದಿಲ್ಲ. ಯಾವ ಒಕ್ಕಲಿಗನಿಗೂ ಗೊತ್ತಿರುವ ಸಂಗತಿಯಿದು. ಉರ್ದು ಅರ್ಥಶಾಸ್ತ್ರದಲ್ಲಿ ಇದು 'ಖಾನೂನ್-ಎ-ತಖ್ಲೀಲ್-ಎ-ಹಾಸಿಲ್'. ಕಾನೂನು ಗೊತ್ತು, ಹಾಸಿಲು ಗೊತ್ತು; ನಡುವಿನ 'ತಖ್ಲೀಲ್' ಅರಬ್ಬಿ ಓದಿದವರಿಗೆ ಮಾತ್ರ. ಇದನ್ನು ಉರ್ದುವಿನ ದೋಷವೆಂದು ನಾವು ನಗುವಂತಿಲ್ಲ. ನಮ್ಮ ಕನ್ನಡ ಪಠ್ಯಪುಸ್ತಕಗಳಲ್ಲಿ ಇದು 'ಇಳಿಮುಖ ಪ್ರತಿಫಲ ನಿಯಮ'. ಅದರ ಪಕ್ಕದಲ್ಲೇ 'ಸೀಮಾಂತ ತುಷ್ಟಿಗುಣ' ಕುಳಿತಿದೆ. ಅವರು ಅರಬ್ಬಿಯ ಏಣಿ ಹತ್ತಿದರು, ನಾವು ಸಂಸ್ಕೃತದ ಏಣಿ. ಹೊಲದಲ್ಲಿ ನಿಂತವನಿಗೆ ಎರಡೂ ಅಷ್ಟೇ ಎತ್ತರ.

ಅಂದಿನ ಕನ್ನಡ ಜಿಲ್ಲೆಗಳ ಜನ ಅರ್ಥಶಾಸ್ತ್ರವನ್ನು ಪುಸ್ತಕವಿಲ್ಲದೆಯೇ ಬದುಕುತ್ತಿದ್ದರು. ಅಲ್ಲಿ ಎರಡು ರೂಪಾಯಿಗಳಿದ್ದವು. ಒಂದು ನಿಜಾಮರ 'ಹಾಲಿ ಸಿಕ್ಕಾ'. ಹಾಲಿ ಶಾಸಕ, ಮಾಜಿ ಶಾಸಕ ಎನ್ನುವಾಗ ನಾವು ಬಳಸುವ ಅದೇ ಹಾಲಿ. ಇನ್ನೊಂದು ಬ್ರಿಟಿಷರ ರೂಪಾಯಿ, ಜನರ ಬಾಯಲ್ಲಿ 'ಕಲ್ದಾರ್'. ಗುಲ್ಬರ್ಗಾದ ವ್ಯಾಪಾರಿ ಗಡಿ ದಾಟಿ ಸೊಲ್ಲಾಪುರಕ್ಕೋ ವಿಜಾಪುರಕ್ಕೋ ಹೋಗಬೇಕಾದರೆ ಮೊದಲು ಸರಾಫನ ಅಂಗಡಿಗೆ ಹೋಗಬೇಕು. ಆರು ಕಲ್ದಾರಿಗೆ ಏಳು ಹಾಲಿ ಎಂಬುದು ರೂಢಿಯ ಲೆಕ್ಕ. ನೂರು ಕಲ್ದಾರಿಗೆ 116 ರೂಪಾಯಿ 10 ಆಣೆ 8 ಪೈ.

ಈ ದರವನ್ನು ಸರ್ಕಾರ ಹಿಡಿತಕ್ಕೆ ತರುವ ಮೊದಲು ಅದು ಹಂಗಾಮಿನ ಜೊತೆಗೆ ಏರಿಳಿಯುತ್ತಿತ್ತು. ಹತ್ತಿ, ಎಣ್ಣೆಕಾಳು ಮಾರುಕಟ್ಟೆಗೆ ಬರುವಾಗ ಹೊರಗಿನ ಖರೀದಿದಾರರಿಗೆ ರೈತರಿಗೆ ಕೊಡಲು ಹಾಲಿ ಬೇಕು, ಹಾಲಿಯ ಬೆಲೆ ಏರುತ್ತದೆ. ಸುಗ್ಗಿ ಮುಗಿದ ಮೇಲೆ ಹೊರಗಿನ ಸರಕು ತರಿಸಲು ಕಲ್ದಾರ್ ಬೇಕು, ಹಾಲಿ ಇಳಿಯುತ್ತದೆ. ವಿದೇಶಿ ವಿನಿಮಯದ ಮೊದಲ ಅಧ್ಯಾಯ ಇಷ್ಟೇ. ಸರಾಫನಿಗೆ ಅದು ಅಂಗೈ ಮೇಲಿನ ನೆಲ್ಲಿಕಾಯಿ. ಯಾವಾಗ ಬದಲಾಯಿಸಿಕೊಂಡರೆ ಮೇಲು ಎಂದು ತಿಳಿಯದವನು ಪ್ರತಿ ಸಲವೂ ನಾಲ್ಕಾಣೆ ಕಳೆದುಕೊಳ್ಳುತ್ತಿದ್ದ.

1940ರ ದಶಕಕ್ಕೆ ಬರುವಷ್ಟರಲ್ಲಿ ಹೈದರಾಬಾದಿನಲ್ಲಿ ಒಂದು ಅಪರೂಪದ ಜೋಡಣೆಯಾಗಿತ್ತು. 1941ರ ಕಾಯ್ದೆಯಿಂದ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಹುಟ್ಟಿ, ಮರುವರ್ಷ ಗನ್‌ಫೌಂಡ್ರಿಯಲ್ಲಿ ಬಾಗಿಲು ತೆರೆದು, ಸಂಸ್ಥಾನದ ನಾಣ್ಯ ವ್ಯವಸ್ಥೆಯನ್ನು ನೋಡಿಕೊಳ್ಳತೊಡಗಿತು. 1943ರಲ್ಲಿ ಹೈದರಾಬಾದ್ ಷೇರು ವಿನಿಮಯ ಕೇಂದ್ರ ಬಂತು. ಸ್ವಂತ ನಾಣ್ಯ, ಸ್ವಂತ ಬ್ಯಾಂಕು, ಸ್ವಂತ ಷೇರುಪೇಟೆ. ಇವನ್ನೆಲ್ಲ ಭಾರತೀಯ ಭಾಷೆಯೊಂದರಲ್ಲಿ ಪದವಿಯ ಮಟ್ಟಕ್ಕೆ ಕಲಿಸುವ ವಿಶ್ವವಿದ್ಯಾಲಯ. ನಾಲ್ಕೂ ಒಂದೇ ಊರಿನಲ್ಲಿ ಇದ್ದ ಉದಾಹರಣೆ ಭಾರತದಲ್ಲಿ ಹುಡುಕಿದರೂ ಸಿಗಲಾರದು. ಆದರೆ ಕನ್ನಡ ಅಲ್ಲಿ ಒಂದು ಭಾಷಾ ವಿಷಯವಾಗಿತ್ತೇ ಹೊರತು ಬ್ಯಾಂಕನ್ನೋ ಬೆಲೆಯನ್ನೋ ವಿವರಿಸುವ ಮಾಧ್ಯಮವಾಗಿರಲಿಲ್ಲ.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದೊಳಗೆ ಬಂತು. ಉಸ್ಮಾನಿಯಾದ ಪಾಠ ಬಲುಬೇಗ ಇಂಗ್ಲಿಷಿಗೆ ತಿರುಗಿತು. ಉರ್ದು ಹೇರಿಕೆಯಾಗಿತ್ತು ಎಂಬ ದೂರು ನಿಜವೇ. ಅದಕ್ಕೆ ಪರಿಹಾರವೆಂದು ತೆಲುಗು, ಮರಾಠಿ, ಕನ್ನಡಗಳಿಗೆ ಬಾಗಿಲು ತೆರೆಯಬಹುದಿತ್ತು. ಬದಲಿಗೆ ಸಿಕ್ಕಿದ್ದು ಯಾರ ಮನೆಮಾತೂ ಅಲ್ಲದ ಭಾಷೆ. ಮೂರು ದಶಕ ಕಷ್ಟಪಟ್ಟು ಕಟ್ಟಿದ ಪದಗಳು, ಪಠ್ಯಗಳು, ಹೇಗೆ ಕಟ್ಟಬೇಕೆಂಬ ಅನುಭವ ಎಲ್ಲವೂ ಕಪಾಟು ಸೇರಿದವು. ಹಾಲಿ ಸಿಕ್ಕಾ ಕೂಡ 1950ರ ದಶಕದಲ್ಲಿ ಹಂತಹಂತವಾಗಿ ಮರೆಯಾಯಿತು. 1956ರ ನವೆಂಬರ್ 1ರಂದು ಮೂರು ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಅದೇ ಹೊತ್ತಿಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾದ ಕುವೆಂಪು ಪದವಿಯಲ್ಲಿ ಕನ್ನಡ ಮಾಧ್ಯಮಕ್ಕೆ ದಾರಿ ಮಾಡಿ, ಪುಸ್ತಕ ಪ್ರಕಟಣೆಗೆ ಒತ್ತು ಕೊಟ್ಟರು. ಹೈದರಾಬಾದು ನಾಲ್ಕು ದಶಕ ಮೊದಲು ಎದುರಿಸಿದ್ದ ಪ್ರಶ್ನೆಗಳನ್ನೇ ಕನ್ನಡ ಮತ್ತೆ ಮೊದಲಿನಿಂದ ಎದುರಿಸಬೇಕಾಯಿತು.

ಇದು ಮುಗಿದ ಕಥೆಯಲ್ಲ. ಹೈದರಾಬಾದಿನ ಷೇರು ವಿನಿಮಯ ಕೇಂದ್ರ 2007ರಲ್ಲಿ ಮಾನ್ಯತೆ ಕಳೆದುಕೊಂಡಿತು. ಷೇರುಪೇಟೆ ಈಗ ಮೊಬೈಲಿನಲ್ಲಿದೆ. 2019ರ ನವೆಂಬರಿನಲ್ಲಿ ಸೆಬಿ, ಹೈದರಾಬಾದಿನದೇ ಷೇರು ದಲ್ಲಾಳಿ ಸಂಸ್ಥೆ ಕಾರ್ವಿಯನ್ನು ಹೊಸ ಗ್ರಾಹಕರನ್ನು ಸೇರಿಸಿಕೊಳ್ಳದಂತೆ ತಡೆಯಿತು. ಗ್ರಾಹಕರು ಬರೆದುಕೊಟ್ಟ ಅಧಿಕಾರ ಪತ್ರಗಳ ಬಲದಿಂದ ಅವರ ಷೇರುಗಳನ್ನು ಸಂಸ್ಥೆ ದುರುಪಯೋಗ ಮಾಡಿದೆ ಎಂಬುದು ಆರೋಪ. ಹಾಗೆ ಸಹಿ ಹಾಕುವಾಗ ಆ ಇಂಗ್ಲಿಷ್ ಪುಟಗಳನ್ನು ನಮ್ಮಲ್ಲಿ ಎಷ್ಟು ಜನ ಓದಿರುತ್ತೇವೆ? ಇಂಗ್ಲಿಷ್ ಬಲ್ಲವರೂ ಓದುವುದಿಲ್ಲ, ನಿಜ. ಆದರೆ ಬೇಕೆಂದಾಗ ಓದಬಲ್ಲವನಿಗೂ ಓದಲಾಗದವನಿಗೂ ವ್ಯತ್ಯಾಸವಿದೆ.

ಉಸ್ಮಾನಿಯಾ ತೋರಿಸಿಕೊಟ್ಟದ್ದು ಎರಡು ಮಾತು. ಭಾರತೀಯ ಭಾಷೆಯಲ್ಲಿ ಹಣದ ಶಾಸ್ತ್ರವನ್ನು ಪದವಿಯವರೆಗೂ ಕಲಿಸಬಹುದು. ಆದರೆ ಅದು ಸಂತೆಯ ಮಾತಿನಿಂದ ದೂರವಾದಷ್ಟೂ ಕಲಿಯುವವರು ಕಡಿಮೆಯಾಗುತ್ತಾರೆ. ನಮ್ಮ ಇಂದಿನ ನೋಟಿನ ಹಿಂಬದಿಯ ಭಾಷೆಗಳ ಪಟ್ಟಿಯಲ್ಲೂ ಕನ್ನಡ ಇದೆ. ಷೇರು ಖಾತೆಯ ಕರಾರಿನಲ್ಲಿ, ಮ್ಯೂಚುವಲ್ ಫಂಡಿನ ವಿವರಪತ್ರದಲ್ಲಿ, ಅರ್ಥಶಾಸ್ತ್ರದ ಮೊದಲ ವರ್ಷದ ಒಳ್ಳೆಯ ಪುಸ್ತಕದಲ್ಲಿ ಅದು ಎಷ್ಟಿದೆ ಎಂದು ಹುಡುಕಿ ನೋಡಿ. ಹಾಗೆ ಹುಡುಕುವಾಗ ಬಾಕಿ, ಜಮೆ, ತಲಬುಗಳಂಥ ಮಾತುಗಳನ್ನು ಜೊತೆಗಿಟ್ಟುಕೊಳ್ಳಿ. ಹೊಸ ಪಠ್ಯ ಬರೆಯುವವರಿಗೆ ಬೇಕಾದ ಪದಗಳಲ್ಲಿ ಎಷ್ಟೋ ಈಗಾಗಲೇ ನಮ್ಮ ಅಂಗಡಿಗಳಲ್ಲಿ ಚಲಾವಣೆಯಲ್ಲಿವೆ.