ಅಲುಗಿದ ಪಟ

ನಮ್ಮ ಮನೆಯಲ್ಲಿ ಅಜ್ಜಿಯೊಬ್ಬಳದೇ ಎಂದು ಹೇಳಬಹುದಾದ ಪಟ ಒಂದೇ ಒಂದು ಇದೆ. ಅದೂ ಅಲುಗಿದ ಪಟ. ಚಿಕ್ಕಪ್ಪನ ಮದುವೆಯ ಚಪ್ಪರದಲ್ಲಿ ತೆಗೆದದ್ದು. ನಾನಾಗ ಎರಡನೆಯ ತರಗತಿಯ ಹುಡುಗ. ಸಂಜೆಯ ಹೊತ್ತು, ಮಬ್ಬು ಬೆಳಕು. ಪಂಕ್ತಿಯಲ್ಲಿ ಯಾರಿಗೋ ತುಪ್ಪ ಬಡಿಸದೆ ಮುಂದೆ ಹೋದರೆಂದು ಅಜ್ಜಿ ಸರಕ್ಕನೆ ತಿರುಗಿ ಕೂಗಿದಳು. ಅದೇ ಕ್ಷಣಕ್ಕೆ ಫೋಟೋದವನು ಗುಂಡಿ ಒತ್ತಿದ. ಮುಖ ಎಡದಿಂದ ಬಲಕ್ಕೆ ಹರಿದುಹೋಗಿದೆ. ಕಣ್ಣು ಎರಡೋ ಮೂರೋ ತಿಳಿಯದು. ಮೂಗುಬೊಟ್ಟು ಮಾತ್ರ ಗಾಳಿಯಲ್ಲಿ ಎಳೆದ ಬೆಳ್ಳಿಯ ಎಳೆಯಂತೆ ಒಂದು ಬಾಗಿದ ಗೆರೆಯಾಗಿ ಹೊಳೆಯುತ್ತದೆ. “ಇದು ಕೆಟ್ಟಿದೆ ಸ್ವಾಮಿ, ಇದಕ್ಕೆ ಕಾಸು ಬೇಡ” ಎಂದು ಅವನು ಪುಕ್ಕಟೆಯಾಗಿ ಕೊಟ್ಟುಹೋದ. ಮರುವರ್ಷ ಅಜ್ಜಿ ತೀರಿಕೊಂಡಳು. ಗುಂಪಿನ ಪಟವೊಂದರಿಂದ ಕಡಲೆಕಾಳಿನಷ್ಟಿದ್ದ ಮುಖವನ್ನು ಹಿಗ್ಗಿಸಿ, ಚೌಕಟ್ಟು ಹಾಕಿಸಿ, ಗೋಡೆಗೆ ತೂಗುಹಾಕಿದ್ದಾಯಿತು. ಅಲುಗಿದ್ದನ್ನು ಅಪ್ಪ ಟ್ರಂಕಿನ ತಳಕ್ಕೆ ಸೇರಿಸಿದರು.

ಪಟ ಅಲುಗಬಾರದೆಂಬ ಈ ಕಟ್ಟಳೆ ಎಲ್ಲಿಂದ ಬಂತು? ಛಾಯಾಚಿತ್ರಣದ ಚರಿತ್ರೆಯನ್ನು ತಿರುವಿಹಾಕಿದರೆ ಅದು ಆ ಕಸುಬಿನೊಂದಿಗೇ ಹುಟ್ಟಿದ್ದೆಂದು ಕಾಣುತ್ತದೆ. 1838ರಲ್ಲಿ ಪ್ಯಾರಿಸಿನ ಡಾಗೇರ್ ತನ್ನ ಕಿಟಕಿಯಿಂದ ಬುಲೆವಾರ್ ದ್ಯು ತಾಂಪ್ಲ್ ಎಂಬ ಬೀದಿಯ ಚಿತ್ರ ತೆಗೆದನು. ಗಾಡಿಗಳೂ ಜನರೂ ತುಂಬಿ ಓಡಾಡುವ ಬೀದಿ. ಚಿತ್ರದಲ್ಲಿ ನೋಡಿದರೆ ಮಾರಿ ಹೊಕ್ಕ ಊರಿನ ಹಾಗೆ ಬಿಕೋ ಎನ್ನುತ್ತದೆ. ತಗಡಿನ ಮೇಲೆ ಬಿಂಬ ಮೂಡಲು ಹಲವು ನಿಮಿಷಗಳೇ ಬೇಕಾಗಿದ್ದವಾದ್ದರಿಂದ ಚಲಿಸಿದವರಾರೂ ಅದರಲ್ಲಿ ನಿಲ್ಲಲಿಲ್ಲ. ಉಳಿದವನು ಮುಖ್ಯವಾಗಿ ಒಬ್ಬನೇ: ಬೂಟಿಗೆ ಪಾಲಿಷು ಹಾಕಿಸಿಕೊಳ್ಳುತ್ತ ಮೂಲೆಯಲ್ಲಿ ನಿಂತಿದ್ದ ಅನಾಮಧೇಯ. ನಿಂತವನಿಗುಂಟು, ನಡೆದವನಿಗಿಲ್ಲ! ಆಮೇಲೆ ಮುಖಚಿತ್ರದ ಅಂಗಡಿಗಳು ತೆರೆದಾಗ ಗಿರಾಕಿಯ ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಕವೆಯೊಂದನ್ನು ಆನಿಸಿ ನಿಲ್ಲಿಸುತ್ತಿದ್ದರು. ಹಳೆಯ ಪಟಗಳಲ್ಲಿ ನಮ್ಮ ಹಿರಿಯರೆಲ್ಲ ಕಂಬ ನುಂಗಿದವರಂತೆ ಬಿಗಿದುಕೊಂಡಿರುವುದಕ್ಕೆ ಗಾಂಭೀರ್ಯವೊಂದೇ ಕಾರಣವಲ್ಲ.

ಮುಂದಿನ ನಾಲ್ವತ್ತು ವರ್ಷ ಚಲನೆಯನ್ನು ಕಟ್ಟಿಹಾಕುವ ಸಾಹಸವೇ ನಡೆಯಿತು. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಎಂಬಾತ ಸಾಲುಗಟ್ಟಿ ಇಟ್ಟ ಕ್ಯಾಮರಾಗಳಿಂದ ಓಡುವ ಕುದುರೆಯ ನಾಲ್ಕು ಕಾಲುಗಳೂ ನೆಲ ಬಿಟ್ಟಿರುವ ಕ್ಷಣವನ್ನು ಹಿಡಿದನು. 1882ರಲ್ಲಿ ಫ್ರಾನ್ಸಿನ ಶರೀರಶಾಸ್ತ್ರಜ್ಞ ಮಾರೇ ಬಂದೂಕಿನಾಕಾರದ ಕ್ಯಾಮರಾ ಮಾಡಿಸಿ ಸೆಕೆಂಡಿಗೆ 12 ಚಿತ್ರಗಳಂತೆ ಹಕ್ಕಿಯ ಹಾರಾಟವನ್ನು ‘ಹೊಡೆದನು’. ವಿಜ್ಞಾನಕ್ಕೆ ಇದರಿಂದ ಮಹದುಪಕಾರವಾಯಿತು. ಆದರೆ ಓಡುವ ಕುದುರೆಯನ್ನು ಕಣ್ಣಾರೆ ಕಂಡವರಿಗೆ ಆ ಚಿತ್ರದ ಕುದುರೆ ಓಡುತ್ತಿರುವಂತೆ ತೋರಲಿಲ್ಲ; ಗಾಳಿಯಲ್ಲಿ ನೇತುಹಾಕಿದಂತೆ ತೋರಿತು. ಗೆದ್ದ ಗಳಿಗೆಯಲ್ಲೇ ಏನೋ ಕೈಬಿಟ್ಟುಹೋಗಿತ್ತು.

ಕೈಬಿಟ್ಟದ್ದು ಯಾವುದೆಂದು ಹಟ ಹಿಡಿದು ಕೇಳಿದವನು ಇಟಲಿಯ ಆಂಟನ್ ಜೂಲಿಯೋ ಬ್ರಗಾಲಿಯ. 1911ರಲ್ಲಿ ಅವನಿಗೆ ಇಪ್ಪತ್ತೊಂದು ವರ್ಷ. ತಮ್ಮ ಆರ್ತುರೋವಿನೊಡನೆ ಕೂಡಿ, ಷಟರನ್ನು ತೆರೆದಿಟ್ಟು, ಎದುರಿನವರನ್ನು ‘ಅಲುಗಿ’ ಎಂದು ಕೇಳಿಕೊಂಡು ಪಟ ತೆಗೆಯತೊಡಗಿದನು. ಟೈಪು ಹೊಡೆಯುವವಳ ಬೆರಳುಗಳು ಬಿಳಿಯ ಹೊಗೆಯಾದವು. ಕೆನ್ನೆಗೆ ಹೊಡೆಯುವ ಕೈ ಬೀಸಣಿಗೆಯಂತೆ ಹರಡಿತು. ಬರಿಯ ತಲೆ ಹೊರಳಿಸುವ ಒಂದು ಭಂಗಿಯನ್ನೂ ಅವನು ಪಟವಾಗಿಸಿದ. ಅದರ ಪ್ರತಿಯನ್ನು ಪುಸ್ತಕವೊಂದರಲ್ಲಿ ಮೊದಲ ಸಲ ಕಂಡಾಗ ನಾನು ಪುಸ್ತಕ ಮುಚ್ಚಿ ಟ್ರಂಕಿನ ಬಳಿಗೆ ಹೋದೆ.

ಮಾರೇಯ ವಿಷಯದಲ್ಲಿ ಬ್ರಗಾಲಿಯನಿಗೆ ಗೌರವಕ್ಕಿಂತ ತಕರಾರೇ ಹೆಚ್ಚು. ಚಲನೆಯನ್ನು ಹೋಳುಹೋಳಾಗಿ ಕತ್ತರಿಸಿದರೆ ಹೋಳು ಸಿಕ್ಕೀತು, ಒಂದು ಹೋಳಿಗೂ ಇನ್ನೊಂದಕ್ಕೂ ನಡುವೆ ಇದ್ದದ್ದು ಸಿಕ್ಕದು ಎಂಬುದು ಅವನ ವಾದದ ತಿರುಳು. 1913ರಲ್ಲಿ ಈ ವಾದವನ್ನು ಪುಸ್ತಕವಾಗಿಯೇ ಅಚ್ಚುಹಾಕಿಸಿದನು. ವೇಗವೇ ದೇವರೆಂದು ಸಾರುತ್ತಿದ್ದ ಫ್ಯೂಚರಿಸ್ಟ್ ಕಲಾವಿದರಾದರೂ ಇವನನ್ನು ಅಪ್ಪಿಕೊಳ್ಳಬೇಕಾಗಿತ್ತು. ಆದದ್ದು ವಿಪರೀತ. ಬೊಚ್ಚೋನಿ ಮೊದಲಾದ ಚಿತ್ರಕಾರರು ಅದೇ ವರ್ಷ ‘ಲಾಚೆರ್ಬ’ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಈ ಫೋಟೋಗಳಿಗೂ ತಮ್ಮ ಕಲೆಗೂ ಏನೇನೂ ಸಂಬಂಧವಿಲ್ಲವೆಂದು ಕೈತೊಳೆದುಕೊಂಡರು. ಕುಂಚದಿಂದ ಕಲಸಿದರೆ ಕಲೆ, ಕ್ಯಾಮರಾ ಕಲಸಿದರೆ ಕಸ! ಪಂಡಿತರ ಈ ಪಂಕ್ತಿಭೇದ ನಮ್ಮ ಸಾಹಿತ್ಯದವರಿಗೂ ಹೊಸದಲ್ಲ.

ಬ್ರಗಾಲಿಯನಲ್ಲಿ ಅಲುಗಿದ್ದು ಎದುರಿನ ಮನುಷ್ಯ. ಕ್ಯಾಮರಾ ನಿಂತೇ ಇತ್ತು. ಕ್ಯಾಮರಾವೇ ಅಲುಗಿದರೆ? ಅದೇ ವರ್ಷಗಳಲ್ಲಿ ಫ್ರಾನ್ಸಿನ ಹುಡುಗ ಲಾರ್ತೀಗ್ ಮೋಟಾರು ಪಂದ್ಯವೊಂದರಲ್ಲಿ ಹಾಯ್ದುಹೋಗುವ ಕಾರಿನೊಡನೆ ತನ್ನ ಕ್ಯಾಮರಾವನ್ನೂ ತಿರುಗಿಸುತ್ತ ಪಟ ಹೊಡೆದನು. ಷಟರಿನ ಸಂದು ಗಾಜಿನ ಉದ್ದಕ್ಕೂ ಸರಿಯುವಷ್ಟರಲ್ಲಿ ಕಾರು ಮುಂದೋಡಿತ್ತು. ಹೀಗಾಗಿ ಚಕ್ರ ಮೊಟ್ಟೆಯಾಕಾರ ತಾಳಿ ಮುಂದಕ್ಕೆ ವಾಲಿತು, ದಂಡೆಯ ಮೇಲೆ ನಿಂತ ಜನ ಹಿಂದಕ್ಕೆ ವಾಲಿದರು. ಕೆಟ್ಟಿತೆಂದು ಅವನೂ ಬದಿಗಿಟ್ಟ. 1963ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಅವನ ಚಿತ್ರಗಳನ್ನು ಪ್ರದರ್ಶಿಸುವ ಹೊತ್ತಿಗೆ ಅವನಿಗೆ ಎಪ್ಪತ್ತು ಸಮೀಪಿಸಿತ್ತು.

ಇನ್ನು ಬೆಳಕಿನ ಗೆರೆ. 1949ರಲ್ಲಿ ಜಿಯಾನ್ ಮಿಲಿ ಎಂಬ ಛಾಯಾಗ್ರಾಹಕ ದಕ್ಷಿಣ ಫ್ರಾನ್ಸಿನ ವಲೋರಿಸ್‌ನಲ್ಲಿ ಪಿಕಾಸೋವನ್ನು ಕಂಡು, ಕೈಗೊಂದು ಪುಟ್ಟ ದೀಪ ಕೊಟ್ಟು, ಕತ್ತಲೆಯ ಕೋಣೆಯಲ್ಲಿ ಷಟರು ತೆರೆದು ನಿಂತನು. ಪಿಕಾಸೋ ಗಾಳಿಯಲ್ಲೇ ಚಿತ್ರ ಬರೆದ. ಬರೆದ ಮರುಗಳಿಗೆ ಅಲ್ಲಿ ಏನೂ ಇಲ್ಲ. ಫಿಲ್ಮಿನಲ್ಲಿ ಮಾತ್ರ ಎಲ್ಲವೂ ಇದೆ. ನಮ್ಮಜ್ಜಿ ಪಿಕಾಸೋವಲ್ಲ ನಿಜ. ಆದರೆ ಅವಳ ಮೂಗುಬೊಟ್ಟಿನ ಗೆರೆ ಮೂಡಿದ್ದೂ ಇದೇ ನಿಯಮಕ್ಕೆ ಒಳಪಟ್ಟು.

ತಪ್ಪೆಂದು ಎಣಿಸಿದ್ದನ್ನು ನಿಯಮಪೂರ್ವಕವಾಗಿ ದುಡಿಸಿಕೊಂಡವನು ವಿಯೆನ್ನಾದಲ್ಲಿ ಹುಟ್ಟಿದ ಅರ್ನ್ಸ್ಟ್ ಹಾಸ್. ಅವನ ಕಾಲದ ಬಣ್ಣದ ಫಿಲ್ಮು ಬಹಳ ಮಂದ; 1950ರ ದಶಕದ ಕೋಡಕ್ರೋಮಿನ ವೇಗ ಎಎಸ್‌ಎ 10ರ ಆಸುಪಾಸು. ಬೆಳಕು ತುಸು ಕುಗ್ಗಿದರೂ ಷಟರನ್ನು ನಿಧಾನವಾಗಿಸಲೇಬೇಕು, ನಿಧಾನವಾದರೆ ಚಿತ್ರ ಕಲಸಲೇಬೇಕು. ಉಳಿದವರು ಫಿಲ್ಮನ್ನು ಬೈದರು. ಹಾಸ್ 1956ರಲ್ಲಿ ಸ್ಪೇನಿನ ಗೂಳಿಕಾಳಗಕ್ಕೆ ಹೋಗಿ, ಗೂಳಿಯೊಡನೆ ತಾನೂ ಕ್ಯಾಮರಾವನ್ನು ಬೀಸಿದ. ಗೂಳಿ, ಮನುಷ್ಯ, ಮೇಲುಹೊದಿಕೆ ಮೂರೂ ಒಂದರೊಳಗೊಂದು ಕರಗಿ ಸುಳಿಯಾದ ಆ ಚಿತ್ರಗಳನ್ನು ‘ಲೈಫ್’ ಪತ್ರಿಕೆ ಅಚ್ಚುಮಾಡಿತು. ಈಗ ಇದಕ್ಕೆ ‘ಉದ್ದೇಶಪೂರ್ವಕ ಕ್ಯಾಮರಾ ಚಲನೆ’ ಎಂದು ದೊಡ್ಡ ಹೆಸರು. ಹೆಸರು ದೊಡ್ಡದೆಂದು ಕೆಲಸ ಸುಲಭವಲ್ಲ. ಕಳೆದ ಬೇಸಿಗೆ ರಜದಲ್ಲಿ ನಮ್ಮೂರ ಅಡಕೆ ತೋಟದಲ್ಲಿ ಅರ್ಧ ಸೆಕೆಂಡಿಗೆ ಷಟರಿಟ್ಟು, ಬುಡದಿಂದ ಸುಳಿಯವರೆಗೆ ಕ್ಯಾಮರಾವನ್ನು ಎತ್ತುತ್ತ ನಲವತ್ತು ಪಟ ತೆಗೆದೆ. ಎರಡರಲ್ಲಿ ಮರಗಳು ಹಸಿರು ಮಳೆಯಾಗಿ ಇಳಿದಿವೆ. ಮೂವತ್ತೆಂಟರಲ್ಲಿ ನನ್ನ ಕೈ ನಡುಕವೊಂದೇ ಇದೆ.

ಚಲನಚಿತ್ರದವರಿಗೆ ಈ ಜಗಳವೇ ಇಲ್ಲವಲ್ಲ ಎಂದು ಓದುಗರು ಕೇಳಬಹುದು. ಸಾಮಾನ್ಯವಾಗಿ ಸೆಕೆಂಡಿಗೆ 24 ಚೌಕ ಓಡುವ ಫಿಲ್ಮಿನಲ್ಲಿ ಒಂದೊಂದು ಚೌಕಕ್ಕೂ ಬೆಳಕು ಬೀಳುವುದು ಸುಮಾರು ಸೆಕೆಂಡಿನ 48ನೆಯ ಒಂದು ಪಾಲು. ಬೀಸಿದ ಕೈ ಅಷ್ಟರಲ್ಲೇ ಕಲಸಿರುತ್ತದೆ. ಯಾವ ಚಿತ್ರವನ್ನಾದರೂ ನಡುವೆ ನಿಲ್ಲಿಸಿ ನೋಡಿ: ಸಿನಿಮಾ ಎಂಬುದು ಬಹುಪಾಲು ಅಲುಗಿದ ಪಟಗಳ ಸರಮಾಲೆ. ಆ ಕಲಸುವಿಕೆ ಇಲ್ಲದಿದ್ದರೆ ಓಡುವವನು ಬೊಂಬೆಯಂತೆ ಕುಕ್ಕುತ್ತ ಓಡುತ್ತಾನೆ. ಆದರೂ ಕ್ಯಾಮರಾವನ್ನು ಮುಕ್ಕಾಲಿಯಿಂದ ಬಿಡಿಸಲು ಎದೆಗಾರಿಕೆ ಬೇಕಾಯಿತು. 1924ರಲ್ಲಿ ಜರ್ಮನಿಯ ಮುರ್ನೌ ‘ಕೊನೆಯ ನಗು’ ಎಂಬ ಮೂಕಚಿತ್ರ ಮಾಡುವಾಗ ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್ ಕ್ಯಾಮರಾವನ್ನು ಎದೆಗೆ ಕಟ್ಟಿಕೊಂಡು, ಕುಡಿದ ಮುದುಕನ ಕಣ್ಣಿಗೆ ಲೋಕ ಹೇಗೆ ತೂರಾಡೀತೋ ಹಾಗೆ ತಾನೂ ತೂರಾಡಿದನು.

ನಮ್ಮವರೇ ಒಬ್ಬರ ಮಾತಿಲ್ಲದೆ ಈ ಕಥೆ ಪೂರ್ತಿಯಾಗದು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಓದಿ, ಪಿಟೀಲೂ ನುಡಿಸಬಲ್ಲವರಾಗಿ ಮುಂಬಯಿ ಸೇರಿದ ವಿ. ಕೆ. ಮೂರ್ತಿಯವರು 1951ರ ‘ಬಾಜಿ’ಯಲ್ಲಿ ಇನ್ನೂ ಸಹಾಯಕರು. ಕನ್ನಡಿಯ ಬಿಂಬವನ್ನು ಹಿಡಿದು ಕ್ಯಾಮರಾ ಸರಿಯುವ ಕಷ್ಟದ ಷಾಟೊಂದನ್ನು ಅವರೇ ಸೂಚಿಸಿ ಅವರೇ ತೆಗೆದುಕೊಟ್ಟರು. ಬೆಂಗಳೂರಿನಲ್ಲೇ ಹುಟ್ಟಿದ್ದ ಗುರುದತ್ತರು ಮುಂದಿನ ‘ಜಾಲ್’ನಿಂದ ಅವರನ್ನು ಬಿಡಲಿಲ್ಲ. 1959ರ ‘ಕಾಗಜ್ ಕೆ ಫೂಲ್’ ನೋಡಿದವರು ಆ ಬರಿದಾದ ಸ್ಟುಡಿಯೋವನ್ನು ಮರೆಯಲಾರರು. ಮೇಲಿನಿಂದ ಓರೆಯಾಗಿ ಒಂದೇ ಒಂದು ಬೆಳಕಿನ ಕೋಲು. ಅದರಲ್ಲಿ ತೇಲುವ ಧೂಳು. ಈಚೆ ಗುರುದತ್, ಆಚೆ ವಹೀದಾ ರೆಹಮಾನ್. ಇಬ್ಬರೂ ನಿಂತಲ್ಲೇ ನಿಂತಿದ್ದಾರೆ. ಕ್ಯಾಮರಾ ಮಾತ್ರ ಮೆಲ್ಲನೆ ಸರಿಯುತ್ತದೆ. ಅವರ ಮೈಯಿಂದ ನೆರಳಿನಂಥ ಮತ್ತೊಂದು ಮೈ ಎದ್ದು ಆ ಬೆಳಕಿನೊಳಕ್ಕೆ ನಡೆಯುತ್ತದೆ. ಸ್ಟುಡಿಯೋದ ದೀಪಗಳಿಂದ ಅಂಥ ಕೋಲು ಮೂಡದೆಂದು ಮೂರ್ತಿಯವರು ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಯಲ್ಲಿ ಹಿಡಿದು, ಇನ್ನೊಂದು ಕನ್ನಡಿಗೆ ದಾಟಿಸಿ ಒಳಕ್ಕೆ ಬೀಳಿಸಿದರು. ಸೂರ್ಯನನ್ನೇ ಕೂಲಿಗೆ ಕರೆದಂತಾಯಿತು.

ಚಿತ್ರ ಸೋತಿತು, ಗುರುದತ್ತರು ಮತ್ತೆ ನಿರ್ದೇಶಕರೆಂದು ತಮ್ಮ ಹೆಸರು ಹಾಕಲಿಲ್ಲ. ಛಾಯಾಗ್ರಹಣಕ್ಕೆ ಮಾತ್ರ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಮೂರ್ತಿಯವರೇ. ಅದು 2008ನೆಯ ಸಾಲಿನದು. 2014ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಮೊನ್ನೆ ಹಬ್ಬಕ್ಕೆ ಎಲ್ಲರೂ ಸೇರಿದ್ದಾಗ ಅಣ್ಣನ ಮಗ ಟ್ರಂಕಿನ ಪಟವನ್ನು ನೋಡಿ, “ತಾತ, ಇದನ್ನ ಸರಿಮಾಡಿ ಕೊಡ್ತೀನಿ” ಎಂದು ಮೊಬೈಲಿನಲ್ಲಿ ಏನೇನೋ ಒತ್ತಿದ. ಐದು ನಿಮಿಷದಲ್ಲಿ ಚೊಕ್ಕ ಮುಖವೊಂದು ಬಂತು: ಎರಡು ಕಣ್ಣು, ಒಂದು ಮೂಗು, ಮೂಗಿನ ಮೇಲೆ ಅಚ್ಚುಕಟ್ಟಾದ ಬೊಟ್ಟು. ಅಪ್ಪ ಕನ್ನಡಕ ಹಾಕಿಕೊಂಡು ನೋಡಿದರು.

“ಯಾರೋ ಇವರು?”

“ನಿಮ್ಮಮ್ಮ, ತಾತ.”

“ನಮ್ಮಮ್ಮ ಯಾವತ್ತು ಹೀಗೆ ಸುಮ್ಮನೆ ಕೂತಿದ್ದಳು?”

ಆಮೇಲೆ ಹಳೆಯದನ್ನೇ ಕೈಗೆ ತರಿಸಿಕೊಂಡು, ಆ ದಿನ ಪಂಕ್ತಿಯಲ್ಲಿ ತುಪ್ಪ ಸಿಕ್ಕದೆ ಹೋದದ್ದು ಯಾರಿಗೆಂದು ನೆನಪುಮಾಡಿಕೊಳ್ಳುತ್ತ ಬಹಳ ಹೊತ್ತು ಕುಳಿತಿದ್ದರು.