ಹೊನ್ನಾವರದ ಅಳಿವೆಯೂ ಗೇರುಸೊಪ್ಪೆಯ ಬಸದಿಗಳೂ

ಎಮ್ಮಿಗನೂರು, ಕಂಪ್ಲಿ, ಹೊಸಪೇಟೆ, ಸಂಡೂರು ಸೀಮೆಗಳ ಜನರಿಗೆ ಕಡಲು ದೂರದ ಮಾತು. ಇಲ್ಲಿಯ ಗದ್ದೆಗಳಿಗೆ ನೀರುಣಿಸುವ ತುಂಗಭದ್ರೆಯು ಪೂರ್ವಾಭಿಮುಖವಾಗಿ ಹರಿದು, ಕೃಷ್ಣೆಯೊಡನೆ ಕೂಡಿ, ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಆದರೆ ಈ ನದಿಯ ದಡದಲ್ಲಿ ಮೆರೆದ ವಿಜಯನಗರವು ಪಶ್ಚಿಮದ ಕಡಲನ್ನು ನೆಚ್ಚಿಕೊಂಡಿದ್ದಿತು. ಹಂಪೆಯ ಹಜಾರರಾಮ ದೇವಾಲಯದ ಪ್ರಾಕಾರದ ಗೋಡೆಯ ಮೇಲೆ ಸಾಲುಗಟ್ಟಿ ನಡೆಯುವ ಕುದುರೆಗಳು ಅದಕ್ಕೆ ಸಾಕ್ಷಿಯಾಗಿವೆ. ಅಂತಹ ಕುದುರೆಗಳು ಹುಟ್ಟಿದ್ದು ತುಂಗಭದ್ರೆಯ ತೀರದಲ್ಲಲ್ಲ. ಅರಬಸ್ಥಾನ, ಪಾರಸಿಕ ದೇಶಗಳಲ್ಲಿ. ಅವು ಹಡಗುಗಳಲ್ಲಿ ಬಂದು, ಕನ್ನಡದ ಕರಾವಳಿಯಲ್ಲಿ ಇಳಿದು, ಸಹ್ಯಾದ್ರಿಯ ಘಟ್ಟಗಳನ್ನು ಹತ್ತಿ ರಾಜಧಾನಿಯನ್ನು ಸೇರುತ್ತಿದ್ದವು.

ಆ ಕರಾವಳಿಯ ರೇವುಗಳಲ್ಲಿ ಭಟ್ಕಳ ಮತ್ತು ಹೊನ್ನಾವರ ಪ್ರಮುಖವಾದವು. ಅವುಗಳ ಹಿನ್ನೆಲದಲ್ಲಿ ಹಾಡುವಳ್ಳಿ ಮತ್ತು ಗೇರುಸೊಪ್ಪೆಗಳೆಂಬ ಎರಡು ರಾಜಧಾನಿಗಳಿದ್ದವು. ಇವೆರಡನ್ನೂ ಆಳಿದ ಸಾಳುವ ಅರಸರು ಜೈನಧರ್ಮಾವಲಂಬಿಗಳು, ವಿಜಯನಗರದ ಸಾಮಂತರು. ಹಂಪೆಯ ವೈಭವದ ಕಥೆಯಲ್ಲಿ ಕರಾವಳಿಯ ಈ ಜೈನ ಅರಸರ, ವರ್ತಕರ ಪಾತ್ರವು ಸಾಮಾನ್ಯವಾಗಿ ನೆನಪಿಗೆ ಬಾರದೆ ಹೋಗುತ್ತದೆ. ಬಳ್ಳಾರಿ ಸೀಮೆಯಿಂದ ಹೊನ್ನಾವರದ ಅಳಿವೆಯನ್ನೂ ಅದರ ಮೇಲುಭಾಗದ ಗೇರುಸೊಪ್ಪೆಯನ್ನೂ ಸಂದರ್ಶಿಸುವವರಿಗೆ ಆ ಪಾತ್ರವು ಕಣ್ಣಿಗೆ ಕಟ್ಟುತ್ತದೆ.

ಅಳಿವೆಯ ಸ್ವರೂಪ

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯು ಜೋಗದಲ್ಲಿ 830 ಅಡಿ ಧುಮುಕಿ, ಕಣಿವೆಯೊಳಗೆ ನುಗ್ಗಿ, ಗೇರುಸೊಪ್ಪೆಯ ಬಳಿ ಘಟ್ಟದ ಬುಡವನ್ನು ಮುಟ್ಟುತ್ತದೆ. ಅಲ್ಲಿಂದ ಮುಂದೆ ನದಿಯ ನಡೆಯೇ ಬೇರೆ. ಬಂಡೆಗಳ ಮೇಲಿನ ಆರ್ಭಟ ಅಡಗಿ, ನೀರು ಅಗಲವಾಗಿ ಹರಡಿ, ಎರಡು ದಡಗಳ ತೆಂಗು, ಅಡಕೆ ತೋಟಗಳ ನಡುವೆ ಮೆಲ್ಲಗೆ ಸಾಗುತ್ತದೆ. ಸುಮಾರು 30 ಕಿಲೋಮೀಟರ್ ಕೆಳಗೆ, ಮಾವಿನಕುರ್ವೆ ಮೊದಲಾದ ನಡುಗಡ್ಡೆಗಳನ್ನು ಬಳಸಿ, ಹೊನ್ನಾವರದಲ್ಲಿ ಅರಬ್ಬೀ ಸಮುದ್ರವನ್ನು ಕೂಡುತ್ತದೆ. ಸಮುದ್ರದ ಕಡೆಗೆ ನೋಡಿದರೆ, ತೀರದಿಂದ ತುಸು ದೂರದಲ್ಲಿ ಕೋಟೆಯ ಗೋಡೆಗಳನ್ನು ಹೊತ್ತ ಬಸವರಾಜದುರ್ಗವೆಂಬ ದ್ವೀಪ. ನದಿಯ ದಕ್ಷಿಣದಂಡೆಯಲ್ಲಿ ಕಾಸರಕೋಡಿನ ಮರಳುತೀರ. ಒಳಗಡೆಗೆ ಕಾಂಡ್ಲಾ ಗಿಡಗಳ ಹಸುರು. ಇಂದು ಈ ಅಳಿವೆಯನ್ನು ದಾಟುವ ರೈಲುಸೇತುವೆಯು 2 ಕಿಲೋಮೀಟರಿಗೂ ಮಿಕ್ಕಿ ಉದ್ದವಿದ್ದು, ಕೊಂಕಣ ರೈಲುಮಾರ್ಗದ ಅತ್ಯಂತ ಉದ್ದದ ಸೇತುವೆ ಎನಿಸಿದೆ. ನೀರಿನ ಹರವು ಎಷ್ಟೆಂಬುದಕ್ಕೆ ಇದೊಂದೇ ಅಳತೆ ಸಾಕು.

ಈ ಸೊಬಗೇ ಹಿಂದಿನವರಿಗೆ ಸೌಕರ್ಯವೂ ಆಗಿದ್ದಿತು. ಮಳೆಗಾಲದ ತಿಂಗಳುಗಳಲ್ಲಿ ಅರಬ್ಬೀ ಸಮುದ್ರವು ಹಾಯಿಹಡಗುಗಳಿಗೆ ಅಪಾಯಕಾರಿ. ಮಳೆ ನಿಂತು ಗಾಳಿ ತಿರುಗಿದ ಮೇಲೆಯೇ ವ್ಯಾಪಾರದ ಋತು ಆರಂಭವಾಗುತ್ತಿದ್ದಿತು. ತೆರೆದ ಕಡಲಿನಲ್ಲಿ ಲಂಗರು ಹಾಕುವುದಕ್ಕಿಂತ ಅಳಿವೆಯೊಳಗೆ ಹಡಗನ್ನು ನಿಲ್ಲಿಸುವುದು ಕ್ಷೇಮಕರ. ಅಲ್ಲಿ ಇಳಿಸಿದ ಸರಕು ದೋಣಿಗಳನ್ನೇರಿ, ಉಬ್ಬರದ ನೀರಿನ ನೆರವಿನಿಂದ ಮೇಲಕ್ಕೆ ಸಾಗಿ, ಘಟ್ಟದ ಬುಡವನ್ನು ತಲಪುತ್ತಿದ್ದಿತು. ದೋಣಿಯ ದಾರಿ ಮುಗಿದು ಎತ್ತಿನ ದಾರಿ ಆರಂಭವಾಗುವ ತಾಣವೇ ಗೇರುಸೊಪ್ಪೆ. ಸರಕು ಒಂದು ವಾಹನದಿಂದ ಇನ್ನೊಂದಕ್ಕೆ ಬದಲಾಗುವಲ್ಲಿ ಮಳಿಗೆಗಳೂ ಸುಂಕದ ಕಟ್ಟೆಗಳೂ ವರ್ತಕರ ಮನೆಗಳೂ ಬೆಳೆಯುವುದು ಸಹಜ. ಶಾಸನಗಳಲ್ಲಿ ನಗಿರೆ ಎಂದು ಕರೆಯಲ್ಪಟ್ಟಿರುವ ರಾಜ್ಯದ ರಾಜಧಾನಿಯು ನದಿಯ ಈ ತಿರುವಿನಲ್ಲಿ ಬೆಳೆದುದಕ್ಕೆ ಇದೇ ಕಾರಣ.

ವಿದೇಶೀ ಪ್ರವಾಸಿಗರು ಕಂಡ ಹೊನ್ನಾವರ

ಕ್ರಿ.ಶ. 1340ರ ದಶಕದಲ್ಲಿ ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತನು ಹೊನ್ನಾವರಕ್ಕೆ ಬಂದಿದ್ದನು. ದೊಡ್ಡ ಹಡಗುಗಳು ಒಳಗೆ ಬರಬಲ್ಲ ವಿಶಾಲವಾದ ಅಳಿವೆಯ ಮೇಲೆ ಈ ಪಟ್ಟಣವಿದೆಯೆಂದು ಅವನು ಬರೆದಿದ್ದಾನೆ. ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳಿದ್ದವೆಂಬುದು ಅವನ ಬರಹದಿಂದ ತಿಳಿದುಬರುತ್ತದೆ. ಅಂದಿನ ಹೊನ್ನಾವರದ ಸುಲ್ತಾನ ಜಮಾಲುದ್ದೀನನು ‘ಹರ್ಯಬ್’ ಎಂಬ ದೊರೆಗೆ ಅಧೀನನಾಗಿದ್ದನೆಂದೂ ಅವನು ಹೇಳುತ್ತಾನೆ. ಆ ದೊರೆಯನ್ನು ವಿದ್ವಾಂಸರು ವಿಜಯನಗರದ ಒಂದನೆಯ ಹರಿಹರನೆಂದು ಗುರುತಿಸಿದ್ದಾರೆ. ಸಾಮ್ರಾಜ್ಯವು ಸ್ಥಾಪನೆಗೊಂಡ ಮೊದಲ ವರ್ಷಗಳಲ್ಲಿಯೇ ತುಂಗಭದ್ರೆಯ ದಡದ ಅರಸರ ಕೈ ಕಡಲಿನವರೆಗೂ ಚಾಚಿದ್ದಿತೆಂಬುದಕ್ಕೆ ಇದು ಆಧಾರವಾಗಿದೆ.

ಒಂದು ಶತಮಾನದ ತರುವಾಯ, 1443ರಲ್ಲಿ, ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಮಂಗಳೂರಿನ ಮಾರ್ಗವಾಗಿ ವಿಜಯನಗರಕ್ಕೆ ಬಂದು ಇಮ್ಮಡಿ ದೇವರಾಯನನ್ನು ಕಂಡನು. ಹಿಂದಿರುಗುವಾಗ ಹೊನ್ನಾವರದಲ್ಲಿ ಹಡಗನ್ನೇರಿದನು. 16ನೆಯ ಶತಮಾನದ ಆರಂಭದಲ್ಲಿ ಬರೆದ ಪೋರ್ಚುಗೀಸನಾದ ದುವಾರ್ತೆ ಬಾರ್ಬೋಸನು ಭಟ್ಕಳದಿಂದ ಅಕ್ಕಿ, ಸಕ್ಕರೆ, ಕಬ್ಬಿಣಗಳು ಹೊರದೇಶಗಳಿಗೆ ಹೋಗುತ್ತಿದ್ದುದನ್ನು ದಾಖಲಿಸಿದ್ದಾನೆ. ಭಟ್ಕಳದ ದಾರಿಯಲ್ಲಿ ಓಡಾಡುತ್ತಿದ್ದ ಹೇರೆತ್ತುಗಳ ಸಂಖ್ಯೆಯನ್ನು ದೋಮಿಂಗೊ ಪೇಸನು ಐದಾರು ಸಾವಿರವೆಂದು ಎಣಿಸಿದ್ದಾನೆ.

ಕುದುರೆಗಳ ವಿಷಯದಲ್ಲಿ ನೂನಿಜನ ಬರಹವು ಅತ್ಯಂತ ಸ್ವಾರಸ್ಯಕರವಾದುದು. ಸಾಳುವ ನರಸಿಂಹನು ಒಂದು ಸಾವಿರ ಪರದಾವುಗಳಿಗೆ ಮೂರರಂತೆ ಕುದುರೆಗಳನ್ನು ಕೊಳ್ಳುತ್ತಿದ್ದನಂತೆ. ಮಾರ್ಗಮಧ್ಯದಲ್ಲಿ, ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ವರ್ತಕನಿಗೆ ಪೂರ್ಣ ಬೆಲೆ ಸಲ್ಲುತ್ತಿದ್ದಿತಂತೆ. ಕೃಷ್ಣದೇವರಾಯನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ ಅವನೇ ಬರೆದಿದ್ದಾನೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದಾದರೂ, ಸಾಮ್ರಾಜ್ಯದ ಸೈನ್ಯಬಲವು ಕರಾವಳಿಯ ರೇವುಗಳ ಮೇಲೆ ಎಷ್ಟರ ಮಟ್ಟಿಗೆ ನಿಂತಿದ್ದಿತೆಂಬುದನ್ನು ಇದರಿಂದ ಊಹಿಸಬಹುದು.

ರಾಜಧಾನಿಯ ಜಿನಾಲಯಗಳು

ಇದೇ ಕಾಲದಲ್ಲಿ ವಿಜಯನಗರದಲ್ಲಿಯೂ ಜಿನಾಲಯಗಳು ತಲೆಯೆತ್ತಿದವು. 1368ರಲ್ಲಿ ಒಂದನೆಯ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ಉಂಟಾಗಿದ್ದ ವಿವಾದವನ್ನು ಬಗೆಹರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದುದು ಶ್ರವಣಬೆಳಗೊಳದ ಶಾಸನದಿಂದ ಸುವಿದಿತ. 1385ರಲ್ಲಿ ಇಮ್ಮಡಿ ಹರಿಹರನ ದಂಡನಾಯಕನಾದ ಇರುಗಪ್ಪನು ರಾಜಧಾನಿಯಲ್ಲಿ ಕುಂಥುಜಿನನಾಥನ ಚೈತ್ಯಾಲಯವನ್ನು ಶಿಲೆಯಲ್ಲಿ ಕಟ್ಟಿಸಿದನು. ಕಂಪ್ಲಿಯ ರಸ್ತೆಯ ಬದಿಯಲ್ಲಿ ಗಾಣಗಿತ್ತಿ ಬಸದಿ ಎಂಬ ಹೆಸರಿನಿಂದ ನಿಂತಿರುವುದು ಅದೇ. ಅದರ ಮುಂದಿನ ಎತ್ತರವಾದ ಕಂಬದ ಮೇಲೆ ಶಾಸನವಿದೆ. 1426ರಲ್ಲಿ ಇಮ್ಮಡಿ ದೇವರಾಯನು ಪಾರ್ಶ್ವನಾಥ ಜಿನಾಲಯವನ್ನು ಕಟ್ಟಿಸಿದುದು ಎಲೆ ಅಡಕೆ ಮಾರುವ ಬೀದಿಯಲ್ಲಿ. ಅಡಕೆಯು ಬಯಲುಸೀಮೆಯ ಬೆಳೆಯಲ್ಲ. ಘಟ್ಟದ ಮತ್ತು ಕರಾವಳಿಯ ತೋಟಗಳ ಬೆಳೆ. ಜಿನಾಲಯಕ್ಕೆ ನಿವೇಶನವಾದ ಆ ಬೀದಿಯೂ ಘಟ್ಟದ ದಾರಿಯ ಇನ್ನೊಂದು ತುದಿಯಾಗಿದ್ದಿತೆನ್ನಬಹುದು.

ಕರಾವಳಿಯ ಬಸದಿಗಳಲ್ಲಿಯೂ ಕಡಲವ್ಯಾಪಾರದ ಗುರುತುಗಳಿವೆ. 1430ರಲ್ಲಿ ಕಟ್ಟಲ್ಪಟ್ಟ ಮೂಡಬಿದಿರೆಯ ತ್ರಿಭುವನತಿಲಕ ಚೂಡಾಮಣಿ ಬಸದಿಯ ಶಿಲ್ಪಗಳಲ್ಲಿ ಜಿರಾಫೆಯೂ ಚೀನೀ ಮಾದರಿಯ ಡ್ರ್ಯಾಗನ್ನೂ ಕಾಣಸಿಗುತ್ತವೆ. ಕಡಲಾಚೆಯ ಸುದ್ದಿ ಕೇಳಿದ, ಬಹುಶಃ ಚಿತ್ರಗಳನ್ನೂ ಕಂಡ ಶಿಲ್ಪಿಗಳು ಮಾತ್ರ ಇಂತಹವನ್ನು ಕಡೆಯಬಲ್ಲರು.

ನಗಿರೆಯ ಏಳಿಗೆ

ಗೇರುಸೊಪ್ಪೆಯ ಏಳಿಗೆಗೆ ಕುದುರೆಗಿಂತಲೂ ಮಿಗಿಲಾಗಿ ಕಾರಣವಾದುದು ಕಾಳುಮೆಣಸು. ಘಟ್ಟದ ಇಳಿಜಾರಿನ ಕಾಡುತೋಟಗಳಲ್ಲಿ ಬೆಳೆದ ಮೆಣಸು ಶರಾವತಿಯ ದೋಣಿಗಳಲ್ಲಿ ಇಳಿದು ಹೊನ್ನಾವರದ ಹಡಗುಗಳನ್ನು ಸೇರುತ್ತಿದ್ದಿತು. 16ನೆಯ ಶತಮಾನದ ಉತ್ತರಾರ್ಧದಲ್ಲಿ ಹಾಡುವಳ್ಳಿ, ಗೇರುಸೊಪ್ಪೆಗಳನ್ನು ದೀರ್ಘಕಾಲ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು.

ವ್ಯಾಪಾರದಿಂದ ಬಂದ ಹಣವು ಧರ್ಮಕಾರ್ಯಗಳಿಗೂ ವಿನಿಯೋಗವಾಯಿತು. 1560ರಲ್ಲಿ ಅಂಬವಣ ಶ್ರೇಷ್ಠಿ ಎಂಬ ವರ್ತಕನು ಗೇರುಸೊಪ್ಪೆಯ ನೇಮೀಶ್ವರ ಚೈತ್ಯಾಲಯದ ಮುಂದೆ ಕಂಚಿನ ಮಾನಸ್ತಂಭವನ್ನು ನಿಲ್ಲಿಸಿದನೆಂದು ಶಾಸನದಿಂದ ತಿಳಿಯುತ್ತದೆ. ವಿದ್ಯೆಗೂ ಇಲ್ಲಿ ಆಶ್ರಯವಿದ್ದಿತು. ಸಾಳ್ವ ಕವಿಯು ತನ್ನ ಭಾರತವನ್ನು ಈ ಸಾಳುವ ಮನೆತನದ ಆಶ್ರಯದಲ್ಲಿ ರಚಿಸಿದನು. ಹಾಡುವಳ್ಳಿಯ ಗುರುಪರಂಪರೆಗೆ ಸೇರಿದ ಭಟ್ಟಾಕಳಂಕನು 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಪೂರೈಸಿ, ಕನ್ನಡ ಭಾಷೆಗೆ ಸಂಸ್ಕೃತ ಸೂತ್ರಗಳಲ್ಲಿ ಸಮಗ್ರವಾದ ವ್ಯಾಕರಣವನ್ನು ಕೊಟ್ಟನು. ಮೆಣಸಿನ ನಾಡು ಕನ್ನಡಕ್ಕೆ ಸಲ್ಲಿಸಿದ ಕಾಣಿಕೆಯು ಮೆಣಸಿನ ವ್ಯಾಪಾರವು ಅಳಿದ ಮೇಲೆಯೂ ಉಳಿದಿದೆ.

ಈ ನಗರದ ಅವಶೇಷಗಳಲ್ಲಿ ಶ್ರೇಷ್ಠವಾದುದು ಚತುರ್ಮುಖ ಬಸದಿ. ನಾಲ್ಕು ದಿಕ್ಕುಗಳಿಗೂ ಬಾಗಿಲುಗಳು. ನಡುವಿನ ಗರ್ಭಗೃಹದಲ್ಲಿ ನಾಲ್ಕು ದಿಕ್ಕುಗಳಿಗೂ ಮುಖಮಾಡಿದ ಜಿನಬಿಂಬಗಳು. ಯಾವ ದಿಕ್ಕಿನಿಂದ ಬಂದವನಿಗೂ ಎದುರಿನಲ್ಲಿಯೇ ದರ್ಶನ. ಕಾರ್ಕಳದಲ್ಲಿ ಇಮ್ಮಡಿ ಭೈರರಸನು 1586ರಲ್ಲಿ ಕಟ್ಟಿಸಿದ ಚತುರ್ಮುಖ ಬಸದಿಯನ್ನು ಕಂಡವರಿಗೆ ಇದರ ವಿನ್ಯಾಸವು ಕೂಡಲೇ ಪರಿಚಿತವೆನಿಸುತ್ತದೆ. ಇದಲ್ಲದೆ ಪಾರ್ಶ್ವನಾಥ, ನೇಮಿನಾಥ, ವರ್ಧಮಾನ ಸ್ವಾಮಿಗಳ ಬಸದಿಗಳೂ ಜ್ವಾಲಾಮಾಲಿನೀ ಅಮ್ಮನವರ ಸನ್ನಿಧಿಯೂ ಇಲ್ಲಿವೆ.

ಅವನತಿ

ಕಡಲಿನಿಂದ ಬಂದ ಸಿರಿಗೆ ಕಡಲಿನಿಂದಲೇ ಕೇಡು ಒದಗಿತು. 1502ರಲ್ಲಿ ವಾಸ್ಕೊ ಡ ಗಾಮನು ಭಟ್ಕಳವನ್ನು ಬೆದರಿಸಿ ಕಪ್ಪವನ್ನು ಗೊತ್ತುಪಡಿಸಿದನು. 1505ರಲ್ಲಿ ಅಲ್ಮೇಡನು ಹೊನ್ನಾವರದ ಅಳಿವೆಯಲ್ಲಿದ್ದ ಹಡಗುಗಳಿಗೆ ಬೆಂಕಿಯಿಟ್ಟನು. 1510ರಲ್ಲಿ ಅಲ್ಬುಕರ್ಕನು ಗೋವೆಯನ್ನು ಗೆದ್ದನು; ಅದಕ್ಕೆ ನೆರವಾದವನು ಹೊನ್ನಾವರದ ನಾವಿಕಪಡೆಯ ನಾಯಕ ತಿಮ್ಮಯ್ಯನೇ. ಅಂದಿನಿಂದ ಪೋರ್ಚುಗೀಸರು ಕುದುರೆಯ ವ್ಯಾಪಾರವನ್ನು ಗೋವೆಯ ಕಡೆಗೆ ಸೆಳೆದುಕೊಂಡರು. 1565ರಲ್ಲಿ ರಕ್ಕಸತಂಗಡಿಯ ಯುದ್ಧದಲ್ಲಿ ವಿಜಯನಗರವು ಸೋತು, ಕೊಳ್ಳುವ ರಾಜಧಾನಿಯೇ ಹಾಳಾಯಿತು. ನಾಲ್ಕು ವರ್ಷಗಳೊಳಗೆ ಹೊನ್ನಾವರದ ಕೋಟೆ ಪೋರ್ಚುಗೀಸರ ಕೈವಶವಾಯಿತು. 17ನೆಯ ಶತಮಾನದ ಆರಂಭದಲ್ಲಿ ಇಕ್ಕೇರಿಯ ವೆಂಕಟಪ್ಪನಾಯಕನು ಗೇರುಸೊಪ್ಪೆಯನ್ನು ಗೆದ್ದುಕೊಂಡನು.

1623ರಲ್ಲಿ ಇಟಲಿಯ ಪಿಯೆತ್ರೊ ಡೆಲ್ಲಾ ವಾಲ್ಲೆಯು ಪೋರ್ಚುಗೀಸ್ ರಾಯಭಾರಿಯೊಡನೆ ಇಕ್ಕೇರಿಗೆ ಹೊರಟು, ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದನು. ಆ ನದೀಪಥದ ಸೌಂದರ್ಯವನ್ನು ಅವನು ಮನಸಾರೆ ಹೊಗಳಿದ್ದಾನೆ. ಆದರೆ ಪಯಣದ ತುದಿಯಲ್ಲಿ ಅವನು ಕಂಡುದು ಕುಸಿದ ಅರಮನೆ, ಮರಗಳು ಬೆಳೆದು ಮುಚ್ಚಿದ ನಗರ, ಅಲ್ಲಲ್ಲಿ ರೈತರ ಗುಡಿಸಲುಗಳು. ಒಂದು ತಲೆಮಾರು ಕಳೆಯುವಷ್ಟರಲ್ಲಿ ಇಂತಹ ಪತನ! ಮುಂದೆ ಇಂಗ್ಲಿಷರು ಜೋಗದ ಜಲಪಾತವನ್ನು ‘ಗೇರುಸೊಪ್ಪೆಯ ಜಲಪಾತ’ವೆಂದು ಕರೆದರು. ನಗರವು ಅಳಿದರೂ ಅದರ ಹೆಸರು ನೀರಿನ ಮೇಲೆ ಉಳಿಯಿತು.

ಇಂದಿನ ನೋಟ

ಇಂದು ಚತುರ್ಮುಖ ಬಸದಿಯಿರುವ ತಾಣಕ್ಕೆ ನಗರಬಸ್ತಿಕೇರಿ ಎಂದು ಹೆಸರು. ಹೆಸರಿನಲ್ಲಿ ನಗರವೂ ಇದೆ, ಬಸ್ತಿಯೂ ಇದೆ, ಕೇರಿಯೂ ಇದೆ. ಸುತ್ತಲೂ ಇರುವುದು ಕಾಡು. ಬಸದಿಯು ಭಾರತೀಯ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಜ್ವಾಲಾಮಾಲಿನೀ ಅಮ್ಮನವರ ದರ್ಶನಕ್ಕೆ ಭಕ್ತರು ಬರುತ್ತಾರೆ. ಆದರೆ ದಿನಬೆಳಗಾದರೆ ಬಸದಿಯ ಮೆಟ್ಟಿಲು ಹತ್ತುತ್ತಿದ್ದ ವರ್ತಕರ ಕೇರಿಗಳು ಮತ್ತೆ ನೆಲೆಗೊಳ್ಳಲಿಲ್ಲ.

ಇದನ್ನು ಮೂಡಬಿದಿರೆ, ಕಾರ್ಕಳಗಳೊಡನೆ ಹೋಲಿಸಿ ನೋಡುವುದು ಉಚಿತ. ಅಲ್ಲಿಯೂ ಅರಸುಮನೆತನಗಳು ಅಳಿದವು. ಅಲ್ಲಿಯ ರೇವುಗಳ ವ್ಯಾಪಾರವೂ ಬದಲಾಯಿತು. ಆದರೂ ಆ ಬಸದಿಗಳಲ್ಲಿ ಅಭಿಷೇಕ ಪೂಜೆಗಳು ನಿಲ್ಲಲಿಲ್ಲ. ಕಾರಣ ಸರಳ. ಅಲ್ಲಿ ಶ್ರಾವಕರ ಮನೆಗಳು ಉಳಿದವು; ಮಠಗಳು ಉಳಿದವು. ಗೇರುಸೊಪ್ಪೆಯಲ್ಲಿಯೂ ಹಂಪೆಯಲ್ಲಿಯೂ ಶಿಲೆಯು ಗಟ್ಟಿಯಾಗಿಯೇ ಇದ್ದಿತು; ಶಿಲ್ಪಿಗಳ ಕೈಚಳಕದಲ್ಲಿ ಕೊರತೆಯಿರಲಿಲ್ಲ; ಧನಕ್ಕೂ ದಾನಿಗಳಿಗೂ ಬರವಿರಲಿಲ್ಲ. ಜನ ಚದುರಿದೊಡನೆ ಬಸದಿಯು ಸ್ಮಾರಕವಾಯಿತು. ರಾಯರ ಬಸದಿಗಳು ಮೌನವಾಗಿವೆ; ಆದರೆ ರಾಯರ ಕಾಲದ ಕಾಲುವೆಗಳು ಕಂಪ್ಲಿ, ಹೊಸಪೇಟೆಗಳ ಗದ್ದೆಗಳಿಗೆ ಇಂದಿಗೂ ನೀರು ಹರಿಸುತ್ತಿವೆ. ಬಳಸುವ ಜನ ಬಿಡದೆ ಹೂಳೆತ್ತುತ್ತ ಬಂದುದರಿಂದಲೇ ಅವು ಬದುಕಿವೆ.

ಆದುದರಿಂದ ಹೊನ್ನಾವರದ ಅಳಿವೆಯನ್ನು ನೋಡಲು ಹೋಗುವವರು ಕಡಲತೀರದಲ್ಲಿ ಸೂರ್ಯಾಸ್ತವನ್ನು ಕಂಡು ತೃಪ್ತರಾಗಿ ಹಿಂದಿರುಗದೆ, ಶರಾವತಿಯ ಮೇಲ್ದಿಕ್ಕಿಗೆ ಇನ್ನೊಂದು ಗಾವುದದಷ್ಟು ಸಾಗಿ ಗೇರುಸೊಪ್ಪೆಯ ದರ್ಶನವನ್ನೂ ಪಡೆಯುವುದು ಲೇಸು. ಹಂಪೆಯ ಗಾಣಗಿತ್ತಿ ಬಸದಿಗೂ ಕಾಡಿನ ನಡುವಿನ ಚತುರ್ಮುಖ ಬಸದಿಗೂ ಇರುವ ಬಾಂಧವ್ಯವು ಆಗ ಸ್ಪಷ್ಟವಾಗುತ್ತದೆ. ಒಂದು ಬಸದಿಯ ಪ್ರತಿಷ್ಠೆಯು ಕೆಲವು ದಿನಗಳಲ್ಲಿ ನೆರವೇರುವ ಕಾರ್ಯ. ಅದರ ರಕ್ಷಣೆಯು ತಲೆಮಾರುಗಳ ಕಾರ್ಯ. ಅರಸರ ಬೊಕ್ಕಸದಿಂದಾಗಲಿ ವರ್ತಕರ ಹಡಗುಗಳಿಂದಾಗಲಿ ಸಾಧ್ಯವಾಗದ ಆ ಕಾರ್ಯವು, ನಿತ್ಯವೂ ಬಂದು ದೀಪ ಹಚ್ಚುವ ಊರಿನ ಮನೆಗಳಿಂದ ಮಾತ್ರ ಸಾಧ್ಯ.