ಹಿತ್ತಿಲಿನಲ್ಲಿ ಉಳಿದ ಮೀಟರ್ ಗೇಜ್

ಗಡಿನಾಡಿನ ಚರಿತ್ರೆಯೆಂದೊಡನೆ ನಮ್ಮವರು ಶಾಸನ, ವೀರಗಲ್ಲು, ಕೋಟೆಗಳತ್ತ ತಿರುಗುವುದು ವಾಡಿಕೆ. ಅದು ತಪ್ಪಲ್ಲ. ಲೇಪಾಕ್ಷಿಯ ಕಂಬಗಳೂ ಪೆನುಗೊಂಡೆಯ ಅರಮನೆಯೂ ಕೈಗೆಟುಕುವ ದೂರದಲ್ಲಿರುವಾಗ ಕಬ್ಬಿಣದ ಹಳಿಯನ್ನು ಯಾರು ನೋಡಬೇಕು? ಆದರೆ ಪರಿಗಿಯಂಥ ಊರಿನ ಜನರನ್ನು ಬೆಂಗಳೂರಿಗೆ ಕಟ್ಟಿಹಾಕಿದ್ದು ಹಿಂದೂಪುರದ ರೈಲೇ. ಮೈಸೂರು ಸೀಮೆಯ ನೆಂಟಸ್ತಿಕೆಗಳೂ ಕನ್ನಡ ಪುಸ್ತಕ ಪತ್ರಿಕೆಗಳೂ ನಮಗೆ ಬಂದದ್ದು ಬಹುಮಟ್ಟಿಗೆ ಆ ಹಳಿಯ ಮೇಲೆ. ಆ ಹಳಿ ಈಗಿಲ್ಲ. ಈಗಿರುವುದು ಬೇರೆ ಹಳಿ. ಹೋದದ್ದನ್ನು ನಮ್ಮ ಮನೆಯ ಹಿತ್ತಿಲಿನಲ್ಲಿ ಮತ್ತೆ ಹಾಸಲು ಹೊರಟ ಪ್ರಸಂಗವನ್ನು, ಅದರ ಹಿಂದಿನ ಚರಿತ್ರೆಯೊಡನೆ, ಇಲ್ಲಿ ನಿವೇದಿಸುತ್ತಿದ್ದೇವೆ.

1876ರಿಂದ 1878ರವರೆಗಿನ ಮಹಾಕ್ಷಾಮವು ಬಳ್ಳಾರಿ, ಅನಂತಪುರ ಮತ್ತು ಮೈಸೂರು ಸೀಮೆಗಳನ್ನು ಸುಟ್ಟುಹಾಕಿತು. ಧಾನ್ಯವಿದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಲು ದಾರಿಯಿಲ್ಲದೆ ಜನ ಸತ್ತರೆಂಬ ಅರಿವು ಸರಕಾರಕ್ಕೆ ಬಂದ ಮೇಲೆ, ಒಣಸೀಮೆಗಳಲ್ಲಿ ರೈಲು ಹಾಕುವ ಯೋಜನೆಗಳು ಚುರುಕಾದವು. 1882ರಲ್ಲಿ ಸದರನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಗುಂತಕಲ್ಲಿನಿಂದ ಮೈಸೂರು ಸಂಸ್ಥಾನದ ಎಲ್ಲೆಯವರೆಗಿನ ಮಾರ್ಗ 1893ರಲ್ಲಿ ಸಂಚಾರಕ್ಕೆ ತೆರೆಯಿತು. ಎಲ್ಲೆಯಿಂದ ಆಚೆಗೆ, ಗೌರಿಬಿದನೂರು, ತೊಂಡೇಬಾವಿ, ಮಾಕಳಿದುರ್ಗ, ದೊಡ್ಡಬಳ್ಳಾಪುರಗಳನ್ನು ದಾಟಿ ಯಶವಂತಪುರ ಸೇರುವ ಭಾಗ ಸಂಸ್ಥಾನಕ್ಕೆ ಸೇರಿದ್ದು. ನಮ್ಮ ಭಾಗಕ್ಕೆ ಕಾಗದಪತ್ರಗಳಲ್ಲಿ ಇದ್ದ ಹೆಸರೇ 'ಗುಂತಕಲ್ ಮೈಸೂರು ಫ್ರಾಂಟಿಯರ್' ಮಾರ್ಗವೆಂದು. ಗಡಿಯನ್ನೇ ಹೆಸರಾಗಿ ಹೊತ್ತ ರೈಲು! ಭಾಷಾವಾರು ಪ್ರಾಂತಗಳ ಮಾತು ಹುಟ್ಟುವುದಕ್ಕೆ ಎಷ್ಟೋ ಮೊದಲೇ ನಾವು ಗಡಿಯವರೆಂದು ರೈಲ್ವೆಯವರು ಬರೆದಿಟ್ಟಿದ್ದರು. 1908ರಲ್ಲಿ ಆ ಕಂಪನಿ ಮದರಾಸು ರೈಲ್ವೆಯೊಡನೆ ಕೂಡಿತು. 1951ರಲ್ಲಿ ದಕ್ಷಿಣ ರೈಲ್ವೆಯಾಯಿತು. ಇಂದು ಹಿಂದೂಪುರ ಆಂಧ್ರಪ್ರದೇಶದಲ್ಲಿದ್ದರೂ ಅದರ ನಿಲ್ದಾಣ ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗಕ್ಕೆ ಸೇರಿದೆ. ರಾಜ್ಯದ ಗಡಿ ಒಂದು ಕಡೆ, ರೈಲಿನ ಗಡಿ ಇನ್ನೊಂದು ಕಡೆ.

ಆ ಮಾರ್ಗ ಮೀಟರ್ ಗೇಜಿನದು. ಎರಡು ಹಳಿಗಳ ನಡುವೆ ಸರಿಯಾಗಿ ಒಂದು ಮೀಟರ್ ಅಂತರ. ಅಡಿ ಅಂಗುಲಗಳ ಇಂಗ್ಲಿಷರ ಆಳ್ವಿಕೆಯಲ್ಲಿ ಮೀಟರ್ ಎಲ್ಲಿಂದ ಬಂತೆಂದು ಹುಡುಗರು ತರಗತಿಯಲ್ಲಿ ಕೇಳುತ್ತಿದ್ದರು. 1870ರ ಸುಮಾರಿಗೆ ಲಾರ್ಡ್ ಮೇಯೋನ ಸರಕಾರ ಅಗ್ಗದ ಕಿರಿದಳತೆಯನ್ನು ಆರಿಸುವಾಗ, ಈ ದೇಶಕ್ಕೆ ಮೆಟ್ರಿಕ್ ಪದ್ಧತಿ ಬರಲಿದೆಯೆಂಬ ಎಣಿಕೆ ಇತ್ತು. ಪದ್ಧತಿ ಬರಲು ಮತ್ತೆ ಎಂಬತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಹಳಿ ಮಾತ್ರ ಮೊದಲೇ ಬಂದು ಕುಳಿತಿತ್ತು.

ನಾವು ಬಿ.ಎಡ್. ಓದುವ ಕಾಲಕ್ಕೆ ಹಿಂದೂಪುರದಿಂದ ಹೊರಡುತ್ತಿದ್ದುದು ಇದೇ ಗಾಡಿಯಲ್ಲಿ. ಮಾಕಳಿದುರ್ಗದ ಬೆಟ್ಟದ ಸಂದಿನಲ್ಲಿ ಎಂಜಿನ್ನು ಏದುಸಿರು ಬಿಡುತ್ತಿತ್ತು. ಕಿಟಕಿಗೆ ಮುಖವಿಟ್ಟವರ ಕಣ್ಣಿಗೆ ಕಿಡಿ ಬೀಳುವುದು, ಬಿಳಿ ಪಂಚೆ ಬೆಂಗಳೂರು ಮುಟ್ಟುವುದರೊಳಗೆ ಬೂದಿ ಬಣ್ಣಕ್ಕೆ ತಿರುಗುವುದು, ಇವನ್ನು ನಮ್ಮ ವಯಸ್ಸಿನವರು ಮರೆತಿರಲಾರರು. 1980ರ ದಶಕದ ಮೊದಲ ವರ್ಷಗಳಲ್ಲಿ ಮಾರ್ಗ ಬ್ರಾಡ್ ಗೇಜಿಗೆ ಬದಲಾಯಿತು. ನಾವೂ ಸಂತೋಷಪಟ್ಟವರೇ, ದಿಲ್ಲಿಗೆ ನೇರ ಗಾಡಿ ಯಾರಿಗೆ ಬೇಡ? ಹಳೆಯದನ್ನು ಅಳತೆ ಮಾಡಿ ಬರೆದಿಡಬೇಕೆಂದು ಚರಿತ್ರೆ ಕಲಿಸುತ್ತಿದ್ದ ನಮಗೂ ಅಂದು ತೋಚಲಿಲ್ಲ. ಮೈಸೂರಿನಲ್ಲಿ 1979ರಲ್ಲೇ ರೈಲು ಸಂಗ್ರಹಾಲಯ ತೆರೆದಿತ್ತು. ಮಹಾರಾಣಿಯವರ 1899ರ ಗಾಡಿ ಅಲ್ಲಿ ಅಡಿಗೆಮನೆ ಸಮೇತ ಉಳಿದಿದೆ. ಬೆಲ್ಲ, ಹುಣಸೆಹಣ್ಣು, ಒಣಮೆಣಸಿನಕಾಯಿ ಹೊತ್ತ ಹಿಂದೂಪುರದ ಗೂಡ್ಸ್ ಡಬ್ಬಿಗೆ ಅಂಥ ಭಾಗ್ಯವಿರಲಿಲ್ಲ.

ಈಗ ಹಿತ್ತಿಲಿನ ಕಥೆಗೆ ಬರೋಣ. ಆಟಿಕೆ ರೈಲಿಗೆ ಗೊತ್ತಾದ ಅಳತೆಗಳನ್ನು ಮೊದಲು ಕಟ್ಟಿಕೊಟ್ಟದ್ದು ಜರ್ಮನಿಯ ಮ್ಯಾರ್ಕ್ಲಿನ್ ಸಂಸ್ಥೆ, 1891ರಲ್ಲಿ, ಲೈಪ್‌ಜಿಗ್ ಜಾತ್ರೆಯಲ್ಲಿ. ಅದರ 'ಒಂದನೆಯ ಅಳತೆ'ಯೇ ಇಂದಿನ 45 ಮಿಲಿಮೀಟರ್ ಹಳಿ. ಮನೆಗಳು ಕಿರಿದಾದಂತೆ ಆಟಿಕೆಯೂ ಕಿರಿದಾಗಿ ಮೇಜಿನ ಮೇಲೇರಿತು. ನಮ್ಮ ದೇಶದಲ್ಲಿ ಮೇಜಿನ ರೈಲೆಂದರೆ ಗ್ವಾಲಿಯರ್ ಅರಮನೆಯ ಬೆಳ್ಳಿಯ ರೈಲು. ಊಟದ ಮೇಜನ್ನು ಸುತ್ತಿ ಅತಿಥಿಗಳಿಗೆ ಪಾನೀಯ ಒದಗಿಸುತ್ತಿದ್ದ ಅದನ್ನು ಪ್ರವಾಸ ಹೋದವರು ಕಂಡಿರಬಹುದು. 1968ರಲ್ಲಿ ಜರ್ಮನಿಯ ಲೇಮನ್ ಕಂಪನಿ ಬಿಸಿಲು ಮಳೆ ತಡೆಯುವ ದೊಡ್ಡ ರೈಲನ್ನು ಎಲ್.ಜಿ.ಬಿ. ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದು, 45 ಮಿಲಿಮೀಟರ್ ಹಳಿಯನ್ನು ಮತ್ತೆ ಅಂಗಳಕ್ಕಿಳಿಸಿತು. ಅದರ ಪ್ರಮಾಣ ಒಂದಕ್ಕೆ ಇಪ್ಪತ್ತೆರಡೂವರೆ.

ಜರ್ಮನಿಯಲ್ಲಿರುವ ಮಗಳು ರಜೆಗೆ ಬಂದಾಗ ಮೊಮ್ಮಗನಿಗೆಂದು ಇದರ ಒಂದು ಪೆಟ್ಟಿಗೆ ತಂದಳು. ಪೆಟ್ಟಿಗೆಯ ಮೇಲಿನ ಅಂಕಿಯನ್ನು ನೋಡಿ, ಮೇಷ್ಟರ ಚಟ, ಗುಣಿಸಿದೆವು. 45ನ್ನು ಇಪ್ಪತ್ತೆರಡೂವರೆಯಿಂದ ಗುಣಿಸಿದರೆ 1012. ಎಂದರೆ ಒಂದು ಮೀಟರ್, ಮೇಲೆ ಹನ್ನೆರಡೇ ಮಿಲಿಮೀಟರ್! ಮೊಮ್ಮಗನ ಕೈಯಲ್ಲಿದ್ದುದು ನಮ್ಮ ಹಿಂದೂಪುರದ ಹಳಿ. ಇಂದಿನ 1676 ಮಿಲಿಮೀಟರಿನ ಬ್ರಾಡ್ ಗೇಜನ್ನು ಇದೇ ಪ್ರಮಾಣದಲ್ಲಿ ಮಾಡಹೊರಟರೆ ಹಳಿಗಳ ಅಂತರ ಎಪ್ಪತ್ತನಾಲ್ಕೂವರೆ ಮಿಲಿಮೀಟರ್ ಬೇಕು. ಪೆಟ್ಟಿಗೆಯ ಹಳಿ ಅದಕ್ಕೆ ಒದಗದು. ಇರುವ ರೈಲಿಗೆ ಒದಗದ ಆಟಿಕೆ ಇಲ್ಲದ ರೈಲಿಗೆ ಒದಗಿತು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲವೆಂದರೆ ಅತಿಶಯೋಕ್ತಿಯಲ್ಲ.

ನಮ್ಮ ಹಿತ್ತಿಲು ಇಪ್ಪತ್ತು ಮೀಟರಿಗಿಂತ ತುಸು ಉದ್ದ. ಹಿಂದೂಪುರದಿಂದ ಬೆಂಗಳೂರಿಗೆ ಸುಮಾರು ನೂರು ಕಿಲೋಮೀಟರ್; ಪ್ರಮಾಣಕ್ಕೆ ಇಳಿಸಿದರೂ ನಾಲ್ಕೂವರೆ ಕಿಲೋಮೀಟರ್ ಆಗುತ್ತದೆ. ಆದ್ದರಿಂದ ಒಂದು ನಿಲ್ದಾಣ, ಒಂದು ಗೂಡ್ಸ್ ಶೆಡ್ಡು, ಒಂದು ಬೆಟ್ಟದ ತಿರುವು ಸಾಕೆಂದು ತೀರ್ಮಾನಿಸಿದೆವು. ತಿರುವಿನಲ್ಲಿಯೇ ಮೊದಲ ಸೋಲು. ಮೀಟರ್ ಗೇಜಿಗೆ ಅನುಮತಿಸಿದ ಅತಿ ಬಿರುಸಿನ ತಿರುವಿನ ತ್ರಿಜ್ಯವೇ ಸುಮಾರು 109 ಮೀಟರ್. ಹಿತ್ತಿಲಿನಲ್ಲಿ ಅದಕ್ಕೆ ಹತ್ತಿರಹತ್ತಿರ ಐದು ಮೀಟರ್ ಬೇಕು. ಪೆಟ್ಟಿಗೆಯಲ್ಲಿ ಬಂದ ಹಳಿ ಅರವತ್ತು ಸೆಂಟಿಮೀಟರಿನಲ್ಲೇ ತಿರುಗಿಬಿಡುತ್ತದೆ. ನುಗ್ಗೆಮರ ಒಂದನ್ನು ಕಡಿಯಬೇಕಾಯಿತು. ನಮ್ಮ ಮನೆಯವರು ಅದನ್ನು ಇಂದಿಗೂ ಕ್ಷಮಿಸಿಲ್ಲ.

ತಳಕ್ಕೆ ನಮ್ಮ ಸೀಮೆಯ ಚಪ್ಪಡಿ ಕಲ್ಲು. ಅದರ ಮೇಲೆ ಜಲ್ಲಿ. ನಿಜವಾದ ಹಳಿಯ ಕೆಳಗಿನ ಜಲ್ಲಿ ಐದು ಸೆಂಟಿಮೀಟರಿನದಾದರೆ ನಮ್ಮದು ಎರಡು ಮಿಲಿಮೀಟರಿನಷ್ಟಿರಬೇಕು. ಕಲ್ಲುಪುಡಿಯನ್ನು ತಂದು ಅಡಿಗೆಮನೆಯ ಜರಡಿಯಲ್ಲಿ ಹಿಡಿದೆವು. ಮರದ ಸ್ಲೀಪರು ನಿಜದಲ್ಲಿ 1.8 ಮೀಟರ್ ಉದ್ದ. ನಮ್ಮದು ಎಂಟು ಸೆಂಟಿಮೀಟರ್. ಬಡಗಿಯ ಅಂಗಡಿಯ ತೇಗದ ಚೂರುಗಳಿಂದ ಆರುನೂರಕ್ಕೂ ಹೆಚ್ಚು ಸ್ಲೀಪರುಗಳನ್ನು ಕೈಯಾರೆ ಕೊಯ್ದೆವು. ಪೆಟ್ಟಿಗೆಯ ಹಳಿಯ ಎತ್ತರ 8.4 ಮಿಲಿಮೀಟರ್, ಲೆಕ್ಕದಂತೆ ಅದು ಐದಿರಬೇಕಿತ್ತು. ತೋಟದಲ್ಲಿ ಕಾಲಿಟ್ಟರೂ ಬಾಗಬಾರದೆಂದು ದಪ್ಪಗೆ ಮಾಡಿದ್ದಾರೆ. ಅದನ್ನು ಒಪ್ಪಿಕೊಂಡೆವು. ಎಂಜಿನ್ನಿನ ವಿಷಯದಲ್ಲೂ ಸುಳ್ಳು ಹೇಳಬಾರದು: ಅದು ಯುರೋಪಿನ ಪುಟ್ಟ ಎಂಜಿನ್ನು, ನಮ್ಮ ವೈ.ಪಿ. ಎಂಜಿನ್ನಲ್ಲ. ಡಬ್ಬಿಗಳು ಮಾತ್ರ ನಮ್ಮವು. ಹತ್ತೊಂಬತ್ತೂವರೆ ಮೀಟರಿನ ಪ್ರಯಾಣಿಕರ ಗಾಡಿ ನಮ್ಮಲ್ಲಿ ಎಂಬತ್ತೇಳು ಸೆಂಟಿಮೀಟರಾಗಿದೆ.

ಜನವರಿಯಲ್ಲಿ ಹಳಿ ಹಾಸಿ, ಜೋಡಣೆಗಳನ್ನು ಬಿಗಿದು, ಊರವರನ್ನು ಕರೆದು ಓಡಿಸಿ ತೋರಿಸಿದೆವು. ಏಪ್ರಿಲಿನ ಒಂದು ಮಧ್ಯಾಹ್ನ ಹಳಿ ಹಾವಿನಂತೆ ಹೊರಳಿ ಸ್ಲೀಪರುಗಳನ್ನು ಕಿತ್ತುಕೊಂಡು ಮೇಲೆದ್ದಿತ್ತು. ಇಪ್ಪತ್ತು ಮೀಟರ್ ಹಿತ್ತಾಳೆ ಹಳಿ ಮೂವತ್ತೈದು ಡಿಗ್ರಿ ಬಿಸಿಯೇರಿದರೆ ಹದಿಮೂರು ಮಿಲಿಮೀಟರಿನಷ್ಟು ಬೆಳೆಯುತ್ತದೆ. ಇದನ್ನು ನಮಗೆ ಯಾರೂ ಕಲಿಸಬೇಕಾಗಿರಲಿಲ್ಲ. ವಿಜ್ಞಾನದ ಮೇಷ್ಟರು ರಜೆ ಹಾಕಿದಾಗಲೆಲ್ಲ ತರಗತಿಗೆ ಹೋಗಿ, ಘನವಸ್ತುಗಳ ಉಷ್ಣ ವಿಕಾಸಕ್ಕೆ ಉದಾಹರಣೆ ಕೊಡಿ ಎಂದು ಕೇಳಿ, ರೈಲು ಹಳಿಗಳ ನಡುವಿನ ಸಂದು ಎಂಬ ಉತ್ತರಕ್ಕೆ ಮೂವತ್ತು ವರ್ಷ ಅಂಕ ಕೊಟ್ಟವರು ನಾವು. ನೋಡಲು ಬಂದ ನಿವೃತ್ತ ಗ್ಯಾಂಗ್‌ಮನ್ ಒಬ್ಬರು ಕುಕ್ಕರುಗಾಲಲ್ಲಿ ಕುಳಿತು ಹಳಿಯನ್ನು ಸವರಿ, "ಸಂದೇ ಬಿಟ್ಟಿಲ್ಲವಲ್ಲ ಮೇಷ್ಟ್ರೇ, ನಮಗೆ ಮೊದಲನೇ ದಿನ ಹೇಳಿಕೊಡೋ ಪಾಠ ಇದು" ಎಂದರು. ಅಂದಿನಿಂದ ಹಳಿಯ ಕೆಲಸಕ್ಕೆ ಅವರೇ ನಮಗೆ ಹೆಡ್‌ಮೇಷ್ಟರು.

ನಿಜವಾದ ಚರಿತ್ರೆ ಅವರು ಬಂದ ಮೇಲೆ ಶುರುವಾಯಿತೆನ್ನಬೇಕು. ಪುಸ್ತಕದಲ್ಲಿ ಬರೆಯುವಾಗ 'ನಿಲ್ದಾಣವಿತ್ತು' ಎಂದರೆ ಮುಗಿಯಿತು. ಮಾದರಿ ಕಟ್ಟುವಾಗ ಹಾಗಾಗದು. ಬೆಂಕಿ ಬಕೆಟ್ಟುಗಳು ಎಷ್ಟು? ಎಂಜಿನ್ನಿಗೆ ನೀರು ಹಿಡಿಯುವ ಕಂಬ ಯಾವ ತುದಿಗೆ? ಕೈಮರದ ಕೈ ಇಳಿದರೆ ದಾರಿ ಬಿಟ್ಟಂತೋ ಏರಿದರೋ? ಒಂಟಿ ಮಾರ್ಗದಲ್ಲಿ ಟೋಕನ್ ಇಟ್ಟ ಚರ್ಮದ ಚೀಲದ ಬೆತ್ತದ ಬಳೆಯನ್ನು ಓಡುವ ಗಾಡಿಗೆ ಯಾವ ಕೈಯಿಂದ ಎತ್ತಿ ಕೊಡುತ್ತಿದ್ದರು? ಪ್ರತಿಯೊಂದಕ್ಕೂ ಉತ್ತರ ಬೇಕು, ಇಲ್ಲವೇ ಆ ಜಾಗ ಖಾಲಿ. ಊರಿನ ಹಿರಿಯರು ಸಂಜೆ ಬಂದು ಕಲ್ಲುಬೆಂಚಿನ ಮೇಲೆ ಕುಳಿತು ವಾದಿಸತೊಡಗಿದರು. ಬೆಲ್ಲದ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರೊಬ್ಬರು ಗೂಡ್ಸ್ ಶೆಡ್ಡಿನ ತೂಕದ ಯಂತ್ರದ ಜಾಗವನ್ನು ಕೋಲಿನಿಂದ ಗೀರಿ ತೋರಿಸಿದರು. ಮರುವಾರ ಇನ್ನೊಬ್ಬರು ಬಂದು ಅದನ್ನು ಅಳಿಸಿದರು.

ಎಲ್ಲ ವಾದಗಳೂ ಬಗೆಹರಿದವು, ಒಂದನ್ನುಳಿದು. ಅದು ನಿಲ್ದಾಣದ ಹೆಸರಿನ ಫಲಕ. ಮೀಟರ್ ಗೇಜಿನ ಕಾಲದಲ್ಲಿ ಹಿಂದೂಪುರದ ಫಲಕದ ಮೇಲೆ ಕನ್ನಡ ಅಕ್ಷರಗಳಿದ್ದವೇ? ಇದ್ದವೆಂದು ಮಂಡಿಯವರು ಆಣೆ ಮಾಡಿದರು. ಇರಲಿಲ್ಲವೆಂದು ಗ್ಯಾಂಗ್‌ಮನ್ನರು. ನಮ್ಮ ಕಣ್ಣಿಗೆ, ಬೆಂಗಳೂರಿನಿಂದ ಮರಳುವ ಬೆಳಗಿನ ಜಾವ, ಹಳದಿ ಹಲಗೆಯ ಮೇಲೆ ದುಂಡಗಿನ ಕಪ್ಪಕ್ಷರಗಳು ಇಂದಿಗೂ ಕಾಣುತ್ತವೆ. ಆದರೆ ನಮ್ಮ ಎರಡು ಲಿಪಿಗಳೂ ಅಕ್ಕತಂಗಿಯರು. ಮಂಜಿನಲ್ಲಿ, ನಿದ್ದೆಗಣ್ಣಿನಲ್ಲಿ ಕಂಡದ್ದು ತಲಕಟ್ಟೋ ತೆಲುಗಿನ ತಲೆಕಟ್ಟೋ ಯಾರು ಹೇಳಬಲ್ಲರು? ಸಂಘದ ಯುವಕರು ಒಂದು ಭಾನುವಾರ ಬಣ್ಣದ ಡಬ್ಬಿ ಹಿಡಿದೇ ಬಂದರು. "ಬರೀರಿ ಸಾರ್, ನಮ್ಮ ಹಿತ್ತಿಲು, ನಮ್ಮ ರೈಲು, ಯಾರು ಕೇಳ್ತಾರೆ" ಎಂದರು. ಅವರ ಅಭಿಮಾನ ನಮಗೆ ಅರ್ಥವಾಗುತ್ತದೆ. ಗಡಿಯಲ್ಲಿ ಕನ್ನಡ ಶಾಲೆ ನಡೆಸಿದವರಿಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೂ ಕುಂಚ ಕೊಡಲಿಲ್ಲ. ನಾಳೆ ನಮ್ಮ ಮೊಮ್ಮಗನ ಮಗ ಇದನ್ನೇ ಸಾಕ್ಷಿಯೆಂದು ಹಿಡಿದು ಯಾರೊಡನೆಯೋ ವಾದಿಸಿ, ಎದುರಿನವನು ನಿಜವಾದ ಚಿತ್ರವನ್ನು ತೆಗೆದು ತೋರಿಸಿದರೆ, ಹೋಗುವುದು ಒಂದು ಫಲಕದ ಮಾನವಷ್ಟೇ ಅಲ್ಲ; ನಾವು ಗಡಿಯ ಬಗ್ಗೆ ಹೇಳುವ ಉಳಿದ ನಿಜಗಳನ್ನೂ ಯಾರೂ ನಂಬರು. ಯುವಕರು ಮುನಿಸಿಕೊಂಡು ಹೋದರು. ಅವರಲ್ಲಿಬ್ಬರು ಇನ್ನೂ ನಮ್ಮ ಮನೆಗೆ ಬರುವುದಿಲ್ಲ.

ಫಲಕವನ್ನು ತಗಡಿನಲ್ಲಿ ಮಾಡಿ, ಹಳದಿ ಬಣ್ಣ ಬಳಿದು, ಅಕ್ಷರವಿಲ್ಲದೆ ನಿಲ್ಲಿಸಿದ್ದೇವೆ. ಹುಣಸೆ ಎಲೆ ಗುಡಿಸುವಾಗ ದಿನವೂ ಅದರ ಧೂಳನ್ನು ಒರೆಸುತ್ತೇವೆ. ಈ ಸಂಚಿಕೆಯನ್ನು ಓದುವ ಮನೆಗಳಲ್ಲಿ, ಅಜ್ಜನ ಪೆಟ್ಟಿಗೆಯಲ್ಲೋ ಮದುವೆಯ ಆಲ್ಬಮ್ಮಿನಲ್ಲೋ, ಬೀಗರನ್ನು ಬೀಳ್ಕೊಡಲು ಹಿಂದೂಪುರದ ನಿಲ್ದಾಣಕ್ಕೆ ಹೋದಾಗ ತೆಗೆಸಿದ ಹಳೆಯ ಚಿತ್ರವೊಂದು ಇದ್ದೀತು. ಮುಂದೆ ನಿಂತವರ ತಲೆಯ ಹಿಂದೆ ಹಲಗೆಯ ಮೂಲೆ ಕಂಡರೂ ಸಾಕು. ದಯವಿಟ್ಟು ತಂದು ತೋರಿಸಿ. ನೋಡಿ ಅಲ್ಲಿಯೇ ಹಿಂದಿರುಗಿಸುತ್ತೇವೆ. ಯುವಕರು ಬಿಟ್ಟುಹೋದ ಬಣ್ಣದ ಡಬ್ಬಿ ಗೂಡಿನಲ್ಲಿ ಹಾಗೆಯೇ ಇದೆ.